ಅಶೋಕ ನಿಲಯದ ‘ಅ’

ಈಚೆಗೆ ಒಂದು ಸಂಜೆ ಕಚೇರಿ ಮುಗಿಸಿಕೊಂಡು ಮನೆಗೆ ಬರುತ್ತಿದ್ದೆ. ಬೇಲೂರಿನಲ್ಲಿ ನಾನಿರುವ ಬೀದಿಯ ಕೊನೆಗೆ ಹೊಸ ಮನೆಯೊಂದು ಏಳುತ್ತಿತ್ತು. ಆ ಮನೆಯಾಕೆ ಪೈಪು ಹಿಡಿದು, ದಿನವೆಲ್ಲ ಬಿಸಿಲಿಗೆ ಕಾದಿದ್ದ ಗೋಡೆಗೆ ನೀರು ಬಿಡುತ್ತಿದ್ದರು. ಗೋಡೆ ಚುಯ್ಯೆಂದು ನೀರು ಕುಡಿಯಿತು. ಅದರ ಮೇಲೆ ಇಳಿಬಿಟ್ಟಿದ್ದ ಗೋಣಿಚೀಲಗಳಿಂದ ಮಣ್ಣು, ನಾರು, ಬಿಸಿಲು ಎಲ್ಲ ಬೆರೆತ ಹಬೆಯ ವಾಸನೆ ಎದ್ದು ಮುಖಕ್ಕೆ ಬಡಿಯಿತು. ನಾನು ಸ್ಕೂಟರ್ ನಿಲ್ಲಿಸಿಬಿಟ್ಟೆ. ಅದು ಸಿಮೆಂಟಿನ ಗೋಡೆ, ಅರಸೀಕೆರೆಯ ನಮ್ಮ ಮನೆಯದು ಸುಣ್ಣದ ಗಾರೆಯ ಗೋಡೆ. ಆದರೂ ಒದ್ದೆ ಗೋಣಿಯ ವಾಸನೆಗೆ ಆ ಭೇದವೆಲ್ಲ ಗೊತ್ತಿರುವುದಿಲ್ಲ. “ಯಾರನ್ನಾದ್ರೂ ಹುಡುಕ್ತಿದ್ದೀರಾ ಮೇಡಂ?” ಎಂದು ಆಕೆ ಕೇಳಿದರು. ಇಲ್ಲ ಎಂದೆ. ನಿಜಕ್ಕೂ ನಾನು ಹುಡುಕುತ್ತಿದ್ದದ್ದು ನಮ್ಮವ್ವನನ್ನು. ಅರಸೀಕೆರೆಯ ಬಿಸಿಲಿನಲ್ಲಿ ಏಣಿಯ ಮೇಲೆ ನಿಂತು, ಸೆರಗನ್ನು ತಲೆಗೆ ಸುತ್ತಿಕೊಂಡು, ಒಂದೇ ಒಂದು ಅಕ್ಷರವನ್ನು ಗೋಡೆಯಲ್ಲಿ ಉಳಿಸಿಕೊಳ್ಳಲು ಹಟ ಹಿಡಿದಿದ್ದ ಅವ್ವನನ್ನು.

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಪ್ಪ ಅರಸೀಕೆರೆಯಲ್ಲಿ ಒಂದು ಹಳೆಯ ಮನೆ ಕೊಂಡರು. ಅವರು ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಆ ಬೀದಿಗೆ ನಮ್ಮವರಲ್ಲಿ ಮೊದಲು ಬಂದವರು ನಾವೇ. ಹಜಾರದಲ್ಲಿ ದೊಡ್ಡದೊಂದು ಬುದ್ಧನ ಪಟ ತೂಗುಹಾಕಿದ್ದೆವು. ಅಕ್ಕಪಕ್ಕದವರು ಮಾತಿಗೇನೂ ಕೊರತೆ ಮಾಡುತ್ತಿರಲಿಲ್ಲ, ಆದರೆ ಒಳಗೆ ಬಂದು ಆ ಪಟದ ಕೆಳಗೆ ಕೂರುವವರು ಕಡಿಮೆ. ಗೇಟಿನ ಹೊರಗೇ ನಿಂತು ಮಾತು ಮುಗಿಸಿ ಹೋಗುವವರೇ ಹೆಚ್ಚು. ಅಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದವರಂತೆ ಇರುತ್ತಿದ್ದರು. ಹಚ್ಚಿಕೊಂಡಿದ್ದರು ಎನ್ನುವುದು ಮನೆಗೆ ಹೆಸರಿಡುವಾಗ ಗೊತ್ತಾಯಿತು. ಗೋಡೆ ರಿಪೇರಿಗೆ ಬಂದಿದ್ದ ಮುದಿ ಮೇಸ್ತ್ರಿ, ಬಾಗಿಲ ಮೇಲೆ ಆನೆ ಮಾಡಲೇ, ಗಿಳಿ ಮಾಡಲೇ ಎಂದು ಕೇಳಿದ. ಅಪ್ಪ, “ಅಕ್ಷರ ಮಾಡಪ್ಪ, ಅಕ್ಷರ. ರಸ್ತೆಯ ಆ ತುದಿಗೂ ಕಾಣ್ಬೇಕು” ಎಂದರು. ಹಾಗೆ ಬಿಳಿಯ ಗಾರೆಯಲ್ಲಿ, ಗೋಡೆಯಿಂದ ಉಬ್ಬಿ ನಿಂತ ಅಕ್ಷರಗಳಲ್ಲಿ ‘ಅಶೋಕ ನಿಲಯ’ ಎದ್ದು ನಿಂತಿತು. ಅಶೋಕ ಎಂದರೆ ಶೋಕವಿಲ್ಲದ್ದು ಎಂದು ಅಪ್ಪ ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದರು. ಕೇಳದವರಿಗೂ ಹೇಳುತ್ತಿದ್ದರು.

ಮನೆಯ ಮುಖ ಪಡುವಣಕ್ಕಿತ್ತು. ಅರಸೀಕೆರೆಯ ಬೇಸಿಗೆ ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮಧ್ಯಾಹ್ನ ಗೋಡೆಗೆ ಹತ್ತಿದ ಬಿಸಿಲು ಸಂಜೆ ಸೂರ್ಯ ಇಳಿಯುವ ತನಕ ಬಿಡುತ್ತಿರಲಿಲ್ಲ. ಮಹಡಿಯ ಮೇಲಿಂದ ಕಾಣುತ್ತಿದ್ದ ಮಾಲೇಕಲ್ಲಿನ ಬೆಟ್ಟವೂ ಆ ಹೊತ್ತಿಗೆ ಕಾದ ಹೆಂಚಿನ ಬಣ್ಣಕ್ಕೆ ತಿರುಗುತ್ತಿತ್ತು. ಬೇಸಿಗೆಯೆಲ್ಲ ಒಣಗಿದ ಗೋಡೆಗೆ ಒಂದೇ ಸಲ ಗುಡುಗಿನ ಮಳೆ ಹೊಡೆಯುತ್ತಿತ್ತು, ಮಾರನೆಯ ದಿನ ಮತ್ತದೇ ಬಿಸಿಲು. ಹೀಗೆ ಎರಡು ಬೇಸಿಗೆ ತಡೆದುಕೊಂಡ ಮೇಲೆ ಒಂದು ಮಧ್ಯಾಹ್ನ, ನಾವು ಮುದ್ದೆ ಉಣ್ಣುತ್ತಿದ್ದಾಗ, ಹೊರಗೆ ದೊಪ್ಪೆಂದು ಸದ್ದಾಯಿತು. ತೆಂಗಿನಕಾಯಿ ಬಿತ್ತೆಂದು ಹೋಗಿ ನೋಡಿದರೆ ಬಿದ್ದದ್ದು ‘ಅ’.

ಮೊದಲು ನಮಗೇನೂ ಅನ್ನಿಸಲಿಲ್ಲ. ಮಾರನೆಯ ಬೆಳಗ್ಗೆ ಎದುರು ಮನೆಯ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರು ಗೇಟಿನ ಹೊರಗೆ ನಿಂತು, “ಏನ್ ಗುಮಾಸ್ತ್ರೇ, ಶೋಕ ನಿಲಯ ಅಂತ ಬೋರ್ಡ್ ಹಾಕ್ಕಂಡಿದ್ದೀರಿ, ಯಾರಾದ್ರೂ ಹೋದ್ರಾ?” ಎಂದು ನಕ್ಕರು. ಅಪ್ಪನೂ ನಕ್ಕರು. ನಕ್ಕು ಒಳಗೆ ಬಂದವರು ಕಾಫಿ ಕುಡಿಯದೆ ಕೆಲಸಕ್ಕೆ ಹೋದರು. ಸಂಜೆಯ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ನನ್ನನ್ನು ಶೋಕ ನಿಲಯದವಳು ಎಂದು ಕರೆಯುತ್ತಿದ್ದರು. ಮಾದಿಹಳ್ಳಿಯಲ್ಲಿ ಎಮ್ಮೆ ಮೇಯಿಸುತ್ತ ಬೆಳೆದ ಅವ್ವನಿಗೆ ಓದಲು ಬರುತ್ತಿರಲಿಲ್ಲ. “ಏನಂತೆ ಕಣೇ ಅದು, ಎಲ್ಲಾರೂ ನಗ್ತಾವ್ರಲ್ಲ?” ಎಂದು ಕೇಳಿದಳು. ಶೋಕ ಅಂದರೆ ದುಃಖ, ಈಗ ನಮ್ಮ ಗೋಡೆಯ ಮೇಲೆ ದುಃಖದ ಮನೆ ಅಂತ ಇದೆ ಎಂದೆ. ಅವ್ವ ರಸ್ತೆಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ತನಗೆ ಓದಲಾಗದ ಆ ಹೆಸರನ್ನು ಬಹಳ ಹೊತ್ತು ನೋಡಿದಳು. “ಒಂದು ಅಕ್ಷರ ಹೋದ್ರೆ ಇಷ್ಟೆಲ್ಲಾ ಆಯ್ತದಾ? ಹಂಗಾರೆ ಅದನ್ನ ಬಿಡಾಕಾಯ್ತದಾ?” ಎಂದಳು.

ಮೇಸ್ತ್ರಿಯನ್ನು ಹುಡುಕಿದರೆ ಆತ ಮಗಳ ಊರಿಗೆ ಹೋಗಿಬಿಟ್ಟಿದ್ದ. ಅಪ್ಪ ಒಂದು ಭಾನುವಾರ ತಾವೇ ಸಿಮೆಂಟು ಕಲಸಿ ಗಟ್ಟಿಮುಟ್ಟಾದ ‘ಅ’ ಒಂದನ್ನು ಮೆತ್ತಿದರು. ಕಲ್ಲಿನಂತೆ ನಿಂತಿತು, ನಮಗೆಲ್ಲ ಹೆಮ್ಮೆಯಾಯಿತು. ಮುಂದಿನ ಬೇಸಿಗೆಗೆ ಅದೂ ಬಿತ್ತು. ಬೀಳುವಾಗ ಸುತ್ತಲಿನ ಸುಣ್ಣದ ಗಾರೆಯನ್ನೂ ತಟ್ಟೆಯಗಲ ಕಿತ್ತುಕೊಂಡೇ ಬಿತ್ತು. ಮೆತ್ತನೆಯ ಗೋಡೆಯ ಮೇಲೆ ಬಿರುಸಿನ ತೇಪೆ ನಿಲ್ಲುವುದಿಲ್ಲ ಎಂದು ನಾವು ಕಲಿತದ್ದು ಹೀಗೆ. ಈ ಸಲ ಅವ್ವ ಅಪ್ಪನನ್ನು ಪಕ್ಕಕ್ಕೆ ಸರಿಸಿದಳು. ಹಳೆಯ ‘ಅ’ದ ಚೂರುಗಳನ್ನು ಅವಳು ಮೊದಲ ಸಲ ಬಿದ್ದಾಗಲೇ ಎತ್ತಿ ಹಿತ್ತಲಲ್ಲಿ ಒಂದು ಹಲಗೆಯ ಮೇಲೆ ಇಟ್ಟಿದ್ದಳು. ಈಗ ಅವನ್ನು ಒಂದಕ್ಕೊಂದು ಹೊಂದಿಸಿ, ಇದ್ದಿಲಿನಲ್ಲಿ ಅಂಚು ಗೀಚಿ, ಅದೇ ಅಳತೆಗೆ ಗೋಡೆಯ ಮೇಲೆ ಗಾರೆ ಕಟ್ಟಿದಳು. ನಾನು ಶಾಲೆಯಿಂದ ಬಂದು ನೋಡುತ್ತೇನೆ, ಅಕ್ಷರ ಚೆಂದವಾಗಿಯೇ ಇದೆ, ಆದರೆ ಕನ್ನಡಿಯೊಳಗಿನ ‘ಅ’. ಬಿದ್ದ ಚೂರುಗಳನ್ನು ಅವ್ವ ಬಿದ್ದಂತೆಯೇ, ಮುಖ ಕೆಳಗಾಗಿ, ಜೋಡಿಸಿದ್ದಳು. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಪ್ಪ, “ಇರಲಿ ಬಿಡೇ, ಒಳಗಿನಿಂದ ಓದೋರಿಗೆ ಸರಿಯಾಗೇ ಇದೆ” ಎಂದರು. ಅವ್ವ ನಗಲಿಲ್ಲ. ಆ ಹಸಿ ಅಕ್ಷರವನ್ನು ಕರಣೆಯಿಂದ ಕೆರೆದು ಹಾಕಿ, ನನ್ನ ಸ್ಲೇಟು ಕಿತ್ತುಕೊಂಡು, “ಬರಿಯೇ ಅದನ್ನ, ದೊಡ್ಡದಾಗಿ” ಎಂದಳು. ಹೀಗೆ ನಮ್ಮವ್ವ ಬರೆದ ಮೊದಲ ಅಕ್ಷರ ಸೀಮೆಸುಣ್ಣದ್ದಲ್ಲ, ಸುಣ್ಣದ್ದು. ಮುಂದೆ ನಮ್ಮ ಕಡೆ ದೊಡ್ಡವರಿಗೆ ಅಕ್ಷರ ಕಲಿಸುವವರು ಬಂದು ಸ್ಲೇಟು ಹಂಚಿದಾಗ, “ಅ ನಂಗೆ ಬತ್ತದೆ, ಮುಂದುಕ್ಕೆ ಹೇಳಿ” ಎಂದು ಠೀವಿಯಿಂದ ಕೂತಳಂತೆ.

ಆಮೇಲೆ ಅದು ನಮ್ಮ ಮನೆಯ ಪದ್ಧತಿಯೇ ಆಗಿಹೋಯಿತು. ಬೇರೆಯವರು ಯುಗಾದಿಗೆ ಸುಣ್ಣ ಬಳಿದರೆ ನಾವು ಬುದ್ಧ ಪೂರ್ಣಿಮೆಗೆ ಗೋಡೆ ನೋಡುತ್ತಿದ್ದೆವು. ಅವ್ವ ಏಣಿ ಹತ್ತಿ ಬೆರಳ ಗೆಣ್ಣಿನಿಂದ ಗಾರೆಯನ್ನು ತಟ್ಟುತ್ತಾ ಹೋಗುತ್ತಿದ್ದಳು. ಗಟ್ಟಿಯಿದ್ದ ಕಡೆ ಟಕ್ ಎನ್ನುತ್ತಿತ್ತು, ಒಳಗೆ ಬಿಟ್ಟುಕೊಂಡ ಕಡೆ ಡಬ್ ಎನ್ನುತ್ತಿತ್ತು. ಟೊಳ್ಳಿದ್ದಲ್ಲಿ ಕನಿಕರವಿಲ್ಲದೆ ಇಟ್ಟಿಗೆ ಕಾಣುವ ತನಕ ಕೆರೆಯುತ್ತಿದ್ದಳು. ಹಿತ್ತಲಿನ ತೊಟ್ಟಿಯಲ್ಲಿ ಸುಣ್ಣದ ಕಲ್ಲು ಕೊತಕೊತ ಕುದಿದು ಅರಳುತ್ತಿತ್ತು, ನನ್ನನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ. ಅರಳಿ ತಣಿದ ಸುಣ್ಣಕ್ಕೆ ಮರಳು, ಸಣ್ಣಗೆ ಕತ್ತರಿಸಿದ ತೆಂಗಿನ ನಾರು ಹಾಕಿ, ಮುದ್ದೆಯ ಹದಕ್ಕೆ ಬರುವ ತನಕ ನಾದುತ್ತಿದ್ದಳು. ಬಿಸಿಲಿನಲ್ಲಿ ಮೆತ್ತಿದ್ದು ಬೇಗ ಒಣಗಿ ಬಿರಿಯುತ್ತದೆ ಎಂದು ಒಂದು ವರ್ಷ ತಿಳಿದಳು, ಅಂದಿನಿಂದ ಬಿಸಿಲಿಳಿದ ಮೇಲೆಯೇ ಕೆಲಸ. ಗೋಡೆಯನ್ನು ಮೊದಲು ನೆನೆಸಬೇಕು ಎಂದು ಇನ್ನೊಂದು ವರ್ಷ ತಿಳಿದಳು. ಮಹಡಿಯ ಕೈಪಿಡಿ ಗೋಡೆಯಲ್ಲಿದ್ದ ಬಿರುಕಿನಿಂದ ಮಳೆನೀರು ಇಳಿದು ‘ಅ’ದ ಬೆನ್ನಿಗೇ ಬರುತ್ತಿದೆ ಎಂದು ತಿಳಿಯಲು ಬಹಳ ವರ್ಷಗಳೇ ಬೇಕಾದವು. ಆ ಬಿರುಕು ಮುಚ್ಚಿದ ಮೇಲೆ ‘ಅ’ ಬೀಳುವುದು ನಿಂತಿತು. ಆದರೂ ತಟ್ಟಿ ನೋಡುವುದನ್ನು ಅವಳು ಬಿಡಲಿಲ್ಲ. ಅಪ್ಪ ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಪೇಪರು ಹಿಡಿದು ಕೆಳಗೆ ನಿಂತಿರುತ್ತಿದ್ದರು. ಹಸಿ ಗಾರೆಯ ಮೇಲೆ ಹೊದಿಸಲು ನಾನು ಗೋಣಿಚೀಲ ನೆನೆಸಿ ನೆನೆಸಿ ಕೊಡುತ್ತಿದ್ದೆ. ಆ ಸಂಜೆಗಳಲ್ಲಿ ಮೂವರ ಮೈಗೂ ಸುಣ್ಣದ ವಾಸನೆ ಹತ್ತಿರುತ್ತಿತ್ತು. ಅದಕ್ಕಿಂತ ಸುಖವಾದ ದಿನಗಳನ್ನು ನಾನು ಆಮೇಲೆ ಕಂಡಿಲ್ಲ.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಪೂರ್ಣಿಮೆಗೆ ಸ್ವಲ್ಪ ಮೊದಲು ಅವ್ವ ತಟ್ಟಿ ನೋಡಿದಾಗ ‘ಅ’ ಮತ್ತೆ ಡಬ್ ಎಂದಿತು. ಪೂರ್ತಿ ಕೆರೆದು ತೆಗೆದಳು. ಹೊಸ ಗಾರೆ ನಾದಿ ತೊಟ್ಟಿಯಲ್ಲಿ ಒದ್ದೆ ಗೋಣಿ ಮುಚ್ಚಿ ಇಟ್ಟಿದ್ದಳು. ಮಾರನೆಯ ದಿನ ಅಪ್ಪ ಗೂಡ್ಸ್ ಶೆಡ್ಡಿನಲ್ಲಿ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಅವರನ್ನು ಮನೆಗೆ ತಂದು ಹಜಾರದಲ್ಲಿ ಬುದ್ಧನ ಪಟದ ಕೆಳಗೆ ಮಲಗಿಸಿದಾಗ ನಾನು ಏನೂ ತೋಚದೆ ಬಾಗಿಲಲ್ಲಿ ನಿಂತಿದ್ದೆ. ಬಂದವರೆಲ್ಲ ಗೇಟಿನ ಹತ್ತಿರ ಒಂದು ಕ್ಷಣ ತಲೆಯೆತ್ತುತ್ತಿದ್ದರು, ಓದಿಕೊಳ್ಳುತ್ತಿದ್ದರು, ತಲೆ ತಗ್ಗಿಸಿ ಒಳಗೆ ಬರುತ್ತಿದ್ದರು. ‘ಶೋಕ ನಿಲಯ’. ಆ ದಿನ ಯಾರೂ ನಗಲಿಲ್ಲ. ನಗದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಮಾದಿಹಳ್ಳಿಯಿಂದ ಸೋದರಮಾವ ಬರುವ ತನಕ ಅವ್ವ ಅಪ್ಪನ ಕಾಲ ಬಳಿ ಅಳುತ್ತಾ ಕೂತಿದ್ದಳು. ಆಮೇಲೆ ಎದ್ದಳು. ಹಿತ್ತಲಿಗೆ ಹೋಗಿ ಗೋಣಿ ಸರಿಸಿ ಗಾರೆಯನ್ನು ಮತ್ತೆ ನಾದತೊಡಗಿದಳು. “ಹೆಣ ಮನೇಲಿ ಮಡಿಕ್ಕಂಡು ಗ್ವಾಡೆ ಕೆಲಸ ಮಾಡ್ತಾರೇನಕ್ಕ? ಜನ ಏನಂದಾರು?” ಎಂದು ಮಾವ ಕೈ ಹಿಡಿದರು.

“ಜನ ಓದ್ಕಂಡು ಒಳಿಕ್ಕೆ ಬತ್ತಾವ್ರೆ ಅಂತ್ಲೇ ಮಾಡ್ತಿರೋದು ಕಣಪ್ಪ,” ಎಂದಳು ಅವ್ವ. “ದುಃಖ ನಂಗೈತೆ. ಮನೆ ಹೆಸ್ರಲ್ಲಿ ಇಲ್ಲ. ನಿಮ್ ಭಾವ ಇಕ್ಕಿದ ಹೆಸ್ರು ನೆಟ್ಟಗೆ ಮಾಡ್ದೆ ಅವರನ್ನ ಆ ಬಾಗಿಲು ದಾಟ್ಸಾಕಿಲ್ಲ ನಾನು.”

ಅವಳು ಏಣಿ ಹತ್ತಿದಳು. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಂತು ಏಣಿ ಹಿಡಿದೆ. ಅವ್ವ ಮೇಲೆ ಸರಿದಂತೆ ಏಣಿ ಒಂದು ಬದಿಗೆ ವಾಲಿತು. ಆಗ ಯಾರೋ ಬಂದು ಏಣಿಯ ಇನ್ನೊಂದು ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ನೋಡಿದರೆ ರುದ್ರಪ್ಪನವರು. ಗೇಟಿನ ಈಚೆ ಅವರನ್ನು ನಾನು ಕಂಡದ್ದು ಅದೇ ಮೊದಲು. ಅವರ ಬಿಳಿ ಷರಟಿನ ಮೇಲೆ ಗಾರೆಯ ಹನಿಗಳು ಬೀಳುತ್ತಿದ್ದರೂ ಸರಿಯಲಿಲ್ಲ. ಅವ್ವ ಗೋಡೆ ನೆನೆಸಿ, ಗಾರೆ ಮೆತ್ತಿ, ಹೆಬ್ಬೆರಳಿನಿಂದ ಅಕ್ಷರದ ಹೊಟ್ಟೆಯನ್ನು ತಿದ್ದಿ, ಒಂದು ಅಂಚೂ ಕೆಡದಂತೆ ಮುಗಿಸಿದಳು. ಕೆಳಗಿಳಿದು ರಸ್ತೆಗೆ ಹೋಗಿ ಬೆರಳಿಟ್ಟುಕೊಂಡು ಓದಿದಳು: ಅ, ಶೋ, ಕ. “ಈಗ ಎತ್ಕಳ್ರಪ್ಪ” ಎಂದಳು. ಅಪ್ಪ ಅಶೋಕ ನಿಲಯದಿಂದಲೇ ಹೊರಟರು.

ಕೆಲವು ವರ್ಷಗಳ ಮೇಲೆ ರಸ್ತೆ ಅಗಲ ಮಾಡುವವರು ಬಂದು ಮನೆಯ ಮುಂಭಾಗಕ್ಕೆ ಕೆಂಪು ಗೀಟು ಎಳೆದು ಹೋದರು. ಗೀಟು ನಮ್ಮ ಹಜಾರದ ನಡುವೆ ಹಾದಿತ್ತು. ಬೀದಿಯವರೆಲ್ಲ ಬಾಗಿಲು, ಕಿಟಕಿ, ಹೆಂಚು ಬಿಚ್ಚಿಕೊಳ್ಳುತ್ತಿದ್ದಾಗ ಅವ್ವ ಸುಣ್ಣ ಅರಳಿಸಲು ಹಾಕಿದಳು. ಪೂರ್ಣಿಮೆ ಹತ್ತಿರ ಬಂದಿತ್ತು. “ಹೆಂಗಿದ್ರೂ ಕೆಡವ್ತಾರಲ್ಲವ್ವ” ಎಂದೆ. ಅವಳು ಗೋಡೆ ತಟ್ಟುವುದನ್ನು ನಿಲ್ಲಿಸಲೂ ಇಲ್ಲ. “ಕೆಡವೋಗಂಟ ಅದು ನಮ್ಮನೆ ಕಣೇ. ಏಣಿ ನೆಟ್ಟಗೆ ಹಿಡಿ” ಎಂದಳು. ಹಿಡಿದೆ. ಆ ವರ್ಷ ಅಕ್ಷರಗಳು ಎಂದಿಗಿಂತ ಬೆಳ್ಳಗಿದ್ದವು. ಮಷೀನು ಬಂದ ದಿನ ನಾವಿಬ್ಬರೂ ಎದುರು ಜಗುಲಿಯಲ್ಲಿ ಕೂತು ನೋಡಿದೆವು. ಅದು ಬಲಗಡೆಯಿಂದ ಶುರುಮಾಡಿತು. ‘ಯ’ ಹೋಯಿತು, ‘ಲ’ ಹೋಯಿತು, ಒಂದೊಂದಾಗಿ ಎಲ್ಲ ಹೋದವು. ಎಷ್ಟೋ ಸಲ ಬಿದ್ದು ನಮ್ಮ ಮಾನ ಕಳೆದಿದ್ದ ‘ಅ’ ಕೊನೆಯ ತನಕ ಆ ಮೂಲೆಯ ಗೋಡೆಯಲ್ಲಿ ಒಂಟಿಯಾಗಿ ನಿಂತಿತ್ತು. ಅವ್ವ ನನ್ನ ತೊಡೆ ತಟ್ಟಿ, “ನೋಡ್ದಾ” ಎಂದಳು. ಅಷ್ಟೇ ಅಂದದ್ದು. ಅವಳ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಗೆಲುವೂ ಇತ್ತು.

ಈಗ ಅರಸೀಕೆರೆಗೆ ಹೋದಾಗ ನಮ್ಮ ಬಸ್ಸು ಆ ಹಜಾರದ ಮೇಲೆಯೇ ಹಾದುಹೋಗುತ್ತದೆ. ಅವ್ವ ನನ್ನ ಜೊತೆ ಬೇಲೂರಿಗೆ ಬಂದು, ಈ ಬಾಡಿಗೆ ಮನೆಯ ಗೋಡೆಗಳನ್ನು ಮೊದಲ ದಿನವೇ ತಟ್ಟಿ ನೋಡಿ, ಪರವಾಗಿಲ್ಲ ಎಂದು ಒಪ್ಪಿಕೊಂಡು, ಇಲ್ಲಿಯೇ ತೀರಿಕೊಂಡಳು. ಆ ಬೆಳಗ್ಗೆ ಮಾದಿಹಳ್ಳಿಯಿಂದ ಸೋದರಮಾವನ ಕಡೆಯವರು ಬರುವುದನ್ನು ಕಾಯುತ್ತಾ ನಾನು ಗೇಟಿನ ಹೊರಗೆ ಹೋಗಿ ನಿಂತೆ. ತಲೆಯೆತ್ತಿ ಗೋಡೆ ನೋಡಿದೆ. ಹೆಸರಿಲ್ಲದ, ಬಣ್ಣ ಬಳಿದ, ಎಲ್ಲೂ ಬಿರಿಯದ ಗೋಡೆ. ತಿದ್ದಬೇಕಾದ ಒಂದು ಅಕ್ಷರವಾದರೂ ಅಲ್ಲಿರಬಾರದಿತ್ತೇ ಅನ್ನಿಸಿತು. ಏಣಿ ಹಿಡಿಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ಹತ್ತುವವಳು ಒಳಗೆ ಮಲಗಿದ್ದಳು.