ಹಸಿರು ಬಳೆಗೆ ಎರಡು ಫೋನು

‘ಅಬಬಬಾ! ಡಿಸ್‌ಪ್ಲೇ ಅಂದ್ರ ಇದು ನೋಡ್ರಿ ಅಕ್ಕಾರ,’ ಅಂದರು ರುದ್ರೇಶ ಮಾಸ್ತರರು. ಹಳಿಯಾಳ ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ ನಿಂತು, ಕಪ್ಪನೆಯ ಫೋನೊಂದನ್ನು ಬಾಣಂತಿ ಮನೆಯ ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡಿದ್ದರು. ‘ಹೆಂಗ ಓರೆ ಮಾಡಿದ್ರೂ ಬಣ್ಣ ಮಾಸವಲ್ದು. ಬಿಸಿಲಿಗೆ ಹಿಡದ್ರೂ ಹಂಗ ಐತಿ. ಕಣ್ಣಿಗೆ ಒಂಚೂರು ತ್ರಾಸಿಲ್ಲ. ಇದಕ್ಕ ಅಂತಾರ ಫ್ಲ್ಯಾಗ್‌ಶಿಪ್!’

ಕೌಂಟರಿನ ಆಚೆ ನಿಂತ ತರನ್ನುಮ ಎಂಬ ಹುಡುಗಿ, ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಕಾಯ್ದಳು. ಮಾಸ್ತರರು ಬೆರಳಿನಿಂದ ಪರದೆಯನ್ನು ಮೇಲಕ್ಕೆ ಸರಿಸಿದರು. ಸರಿಯಲಿಲ್ಲ. ಉಗುಳು ಹಚ್ಚಿ ಸರಿಸಿದರು. ಆಗಲೂ ಸರಿಯಲಿಲ್ಲ.

‘ಸರ್, ಅದು ಡಮ್ಮಿ ರೀ,’ ಅಂದಳು ತರನ್ನುಮ. ‘ಮ್ಯಾಲೆ ಅಂಟಿಸಿದ್ದು ಸ್ಟಿಕರ್.’

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಒಮ್ಮೆಲೇ ತಮ್ಮ ತಮ್ಮ ಫೋನು ನೋಡಿಕೊಳ್ಳತೊಡಗಿದರು. ನಗು ತಡೆಯಲು ಅದಕ್ಕಿಂತ ಒಳ್ಳೆಯ ಉಪಾಯ ಈ ಕಾಲದಲ್ಲಿ ಇನ್ನೊಂದಿಲ್ಲ. ಮಾಸ್ತರರ ಪಕ್ಕದಲ್ಲಿದ್ದ ಅಮೀನಾಬಿ ಮಾತ್ರ ಆ ಡಮ್ಮಿಯನ್ನು ಇಸಿದುಕೊಂಡು, ಕಣ್ಣ ಹತ್ತಿರ ಹಿಡಿದು ನೋಡಿದಳು. ‘ಸ್ಟಿಕರ್ ಛಲೋ ಛಾಪಾ ಆಗೇತಿ ಬಿಡ್ರಿ, ಮಾಸ್ತರ್ರ,’ ಅಂದಳು. ಅವಳು ಸಮಾಧಾನ ಹೇಳಿದಳೋ ಚುಚ್ಚಿದಳೋ ಅವರಿಗೆ ತಿಳಿಯಲಿಲ್ಲ. ಅವಳ ಮುಖ ನೋಡಿ ಅದನ್ನು ತಿಳಿದವರು ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಯಾರೂ ಇಲ್ಲ.

ರುದ್ರೇಶ ಮಾಸ್ತರರು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವರು. ಆದರೆ ಊರಲ್ಲಿ ಅವರ ಹೆಸರು ಇದ್ದದ್ದು ಮೊಬೈಲ್ ತಜ್ಞರೆಂದು. ಹೊಸ ಫೋನು ಯಾವುದು ಬಂದರೂ ಅದರ ವಿಮರ್ಶೆಯ ವಿಡಿಯೋ ಪೂರ್ತಿ ನೋಡದೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಪ್ರೊಸೆಸರ್, ಸೆನ್ಸರ್, ಝೂಮ್ ಎಲ್ಲ ಬಾಯಿಪಾಠ. ಇಷ್ಟೆಲ್ಲವನ್ನೂ ಅವರು ನೋಡುತ್ತಿದ್ದದ್ದು ಗಾಜು ಸೀಳಿದ, ಕಾದರೆ ತಾನಾಗಿಯೇ ಕಣ್ಣು ಮುಚ್ಚುವ ಒಂದು ಹಳೆಯ ಫೋನಿನಲ್ಲಿ. ಅವರ ಹೆಂಡತಿ ದ್ರಾಕ್ಷಾಯಣಿ ಇದನ್ನು ‘ಅಡಗಿ ಪುಸ್ತಕ ಓದಿ ಹೊಟ್ಟಿ ತುಂಬಿಸಿಕೊಳ್ಳೂದು’ ಅನ್ನುತ್ತಿದ್ದಳು. ಅವಳೇ ಇವತ್ತು ಗಂಡನನ್ನು, ತನಗೆ ಬಳೆ ಇಡಿಸುವ ಅಮೀನಾಬಿಯ ಜೊತೆ ಅಟ್ಟಿದ್ದಳು. ‘ನೀವು ಕಲಿತ ವಿದ್ಯಾ ಒಬ್ಬರಿಗಾದ್ರೂ ಉಪಯೋಗ ಆಗಲಿ.’

ಅಮೀನಾಬಿ ದಾಂಡೇಲಿಯವಳು, ಬಳೆ ಮಾರುವವಳು. ಅವಳ ಅತ್ತೆ ತಲೆಯ ಮೇಲೆ ಬಳೆಯ ಮಲಾರದ ಗಂಟು ಹೊತ್ತು ಸೂಪಾ, ಜೋಯಿಡಾ, ಮುಂಡಗೋಡ ಕಡೆಯ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದವಳು. ಸೊಸೆ ಅದೇ ಮನೆಗಳಿಗೆ ಬಸ್ಸಿನಲ್ಲಿ ಹೋಗುತ್ತಾಳೆ. ಹೆಣ್ಣುಮಗಳ ಕೈ ಒಮ್ಮೆ ನೋಡಿದರೆ ಸಾಕು, ಅಳತೆ ಹೇಳುತ್ತಾಳೆ. ಕೈ ಒತ್ತಿ ಬಳೆ ಏರಿಸುವಾಗ ನೋವು ಗೊತ್ತಾಗದಿರಲೆಂದು ಮಾತಿಗೆಳೆಯುತ್ತಾಳೆ; ಹೀಗಾಗಿ ಯಾರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ, ಯಾರ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ ಅನ್ನುವುದೆಲ್ಲ ಮೊದಲು ಬಂದು ಸೇರುವುದು ಅವಳ ಕಿವಿಗೆ. ಏರಿಸುವಾಗ ಒಂದು ಬಳೆ ಚಟ್ಟೆಂದರೆ, ‘ಒಡೀತು ಅನಬ್ಯಾಡ್ರವ್ವಾ, ಹೆಚ್ಚಿತು ಅನ್ರಿ’ ಎಂದು ಇನ್ನೊಂದು ಏರಿಸುತ್ತಾಳೆ. ಹೆಚ್ಚಿದ ಬಳೆಯ ರೊಕ್ಕ ಹಿಡಿಯುವುದಿಲ್ಲ.

ಈಗ ಕಾಲ ಬದಲಾಗಿದೆ. ಹೆಣ್ಣುಮಕ್ಕಳು ಮೊದಲು ವಾಟ್ಸಾಪಿನಲ್ಲಿ ಫೋಟೋ ನೋಡುತ್ತಾರೆ, ಆಮೇಲೆ ‘ಬಾ’ ಅನ್ನುತ್ತಾರೆ. ಅಲ್ಲೇ ತೊಡಕಾದದ್ದು. ಮುಂಡಗೋಡ ತಾಲೂಕಿನ ಪಾಳಾದಲ್ಲಿ ತಾಯವ್ವನೆಂಬ ಗಟ್ಟಿ ಹೆಂಗಸಿನ ಮನೆ ಇದೆ. ತಾಯವ್ವನ ಮದುವೆಗೆ ಬಳೆ ಇಡಿಸಿದ್ದು ಅಮೀನಾಬಿಯ ಅತ್ತೆ. ಅವಳ ಹಿರಿಮಗಳ ಮದುವೆಗೆ ಅಮೀನಾಬಿ. ಆ ಮದುವೆಯಲ್ಲಿ ಫೋಟೋದಲ್ಲಿ ಕಂಡದ್ದು ಗಿಳಿ ಹಸಿರು. ಪೆಟ್ಟಿಗೆ ಬಿಚ್ಚಿದಾಗ ಬಂದದ್ದು ವೀಳ್ಯದೆಲೆ ಹಸಿರು. ಬೀಗರ ಎದುರು ಸೀರೆ ಒಂದು ಬಣ್ಣ, ಬಳೆ ಒಂದು ಬಣ್ಣ. ಈಗ ಕಿರಿಮಗಳ ಮದುವೆ. ತಾಯವ್ವ ಸೀರೆಯ ಜೊತೆ ಬಂದ ಕುಬಸದ ಪೀಸನ್ನು ಕಳಿಸಿ, ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: ‘ಇವತ್ತ ಸಂಜೀ ಒಳಗ ಬರೋಬ್ಬರಿ ಫೋಟೋ ಕಳಿಸು. ಬಣ್ಣ ಕೂಡಿದ್ರ ನೀನ ಬಂದು ಇಡಸು. ಕೂಡಲಿಲ್ಲ, ನಾಳೆ ನಾವು ಹುಬ್ಬಳ್ಳಿಗೆ ಹೋಗ್ತೇವಿ.’

ತಪ್ಪು ತನ್ನ ಹಳೆಯ ಫೋನಿನದೇ ಎಂದು ಅಮೀನಾಬಿ ತೀರ್ಮಾನಿಸಿದ್ದಳು. ಅತ್ತೆಯ ಕಾಲದಿಂದ ಬಂದ ಮನೆ ಕೈಬಿಟ್ಟು ಹೋಗುವುದಕ್ಕಿಂತ ಒಂದು ದೊಡ್ಡ ಫೋನು ಮೈಮೇಲೆ ಹಾಕಿಕೊಳ್ಳುವುದು ಮೇಲು. ಅದಕ್ಕೇ ಇವತ್ತಿನ ಸವಾರಿ.

ತರನ್ನುಮ ಈ ಸಲ ಜೀವ ಇರುವ ಎರಡು ಫೋನು ತಂದಿಟ್ಟಳು. ಒಂದು ಕರಿಯದು, ಒಂದು ನೀಲಿಯದು. ಎರಡೂ ಆಂಡ್ರಾಯ್ಡ್ ಲೋಕದ ಮಹಾರಾಜರು. ಮಾಸ್ತರರು ಎರಡೂ ಕೈಯನ್ನು ಅಂಗಿಗೆ ಒರೆಸಿಕೊಂಡರು. ವಿಡಿಯೋದಲ್ಲಿ ಹಗಲಿರುಳು ಕಂಡವರು ಇವತ್ತು ಎದುರಿಗೆ ಬಂದು ಕೂತಿದ್ದರು!

‘ನೋಡ್ರಿ ಅಕ್ಕಾರ, ನೀಲಿದರ ಕ್ಯಾಮೆರಾದಾಗ ಮೆಗಾಪಿಕ್ಸೆಲ್ ಜಾಸ್ತಿ. ಕರಿದರ ಸೆನ್ಸರ್ ದೊಡ್ಡದು. ನೀಲಿದು ಲಗೂನ ಚಾರ್ಜ್ ಆಗ್ತೈತಿ. ಕರಿದಕ್ಕ ಏಳು ವರ್ಷ ಅಪ್‌ಡೇಟ್ ಬರ್ತಾವ…’

‘ಏಳು ವರ್ಷ ನಾನೇ ಅಪ್‌ಡೇಟ್ ಇರ್ತೇನಿಲ್ಲೋ ಗೊತ್ತಿಲ್ರಿ. ಹಸರು ಹೆಂಗ ಬರ್ತೈತಿ ಅದನ್ನ ಹೇಳ್ರಿ.’

ಇದಕ್ಕೆ ಯಾವ ವಿಡಿಯೋದಲ್ಲೂ ಉತ್ತರ ಇರಲಿಲ್ಲ. ಅಮೀನಾಬಿ ಚೀಲದಿಂದ ಬಿಳಿ ಟವೆಲ್ ತೆಗೆದು ಕೌಂಟರಿನ ಮೇಲೆ ಹಾಸಿ, ಅದರ ಮೇಲೆ ಒಂದು ಡಜನ್ ಹಸಿರು ಬಳೆ ಜೋಡಿಸಿದಳು. ಕುಬಸದ ಪೀಸು ಮಾತ್ರ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಗಾಜಿನ ಅಂಚು ಜರಿಯ ಎಳೆ ಹಿಡಿದು ಜಗ್ಗುತ್ತದೆ, ಆದ್ದರಿಂದ ಮದುಮಗಳ ಬಟ್ಟೆಯ ಮೇಲೆ ಬಳೆ ಇಡಬಾರದು. ಬಟ್ಟೆಯನ್ನು ಕಣ್ಣಲ್ಲಿ ತುಂಬಿಕೊಂಡು ಬಳೆ ಆರಿಸಬೇಕು. ಇದು ಅತ್ತೆ ಹಾಕಿಕೊಟ್ಟ ಪಾಠ. ಆ ಮನೆಯ ಬಳೆಗಾರ್ತಿಯರು ಯಾರೂ ಅದನ್ನು ಮೀರಿದ್ದಿಲ್ಲ.

ಮಾಸ್ತರರು ನೀಲಿಯಲ್ಲಿ ಒಂದು, ಕರಿಯದರಲ್ಲಿ ಒಂದು ಫೋಟೋ ಹೊಡೆದರು. ನೀಲಿಯಲ್ಲಿ ಬಳೆಗಳು ದೀಪಾವಳಿಯ ಹಾಗೆ ಹೊಳೆದವು. ಕರಿಯದರಲ್ಲಿ ಇದ್ದದ್ದು ಇದ್ದ ಹಾಗೆ, ಸ್ವಲ್ಪ ಮುಖ ಗಂಟಿಕ್ಕಿಕೊಂಡು ಬಂದವು.

‘ನೀಲಿದ ಭಾರಿ ಐತ್ರೀ!’ ಅಂದ ಕಬ್ಬಿನ ಲಾರಿಯ ಡ್ರೈವರೊಬ್ಬ. ಅವನು ಬಂದದ್ದು ಬರೀ ರೀಚಾರ್ಜಿಗೆ.

‘ಭಾರಿ ಇದ್ರೇನ ಬಂತು? ಖರೇ ಐತೇನು?’ ಅಂದಳು ಇಯರ್‌ಫೋನ್ ಕೊಳ್ಳಲು ಬಂದ ನರ್ಸಮ್ಮ. ‘ಕರಿದು ಸುಳ್ಳ ಹೇಳೂದಿಲ್ಲ.’

‘ಫೋನಿಗೆ ಸತ್ಯಹರಿಶ್ಚಂದ್ರ ಆಗೋ ಕೆಲಸ ಏನೈತ್ರಿ?’ ಅಂದ ಡ್ರೈವರ.

ಐದು ನಿಮಿಷದಲ್ಲಿ ಅಂಗಡಿ ಎರಡು ಪಾರ್ಟಿಯಾಯಿತು. ಗ್ರಾಮ ಪಂಚಾಯಿತಿ ಚುನಾವಣೆಯ ಕಳೆ ಬಂತು. ಬಸ್ಸಿಗೆ ಕಾಯುತ್ತಿದ್ದವರೂ ಒಳಗೆ ಬಂದು, ವಿಷಯ ಏನೆಂದು ಕೇಳುವ ಮೊದಲೇ ಯಾವುದಾದರೂ ಒಂದು ಕಡೆ ಸೇರಿದರು. ಮಾಸ್ತರರು ನೀಲಿಗೆ ಒಮ್ಮೆ, ಕರಿಯದಕ್ಕೆ ಒಮ್ಮೆ ವಕೀಲಿಕೆ ಮಾಡಿ ಬೆವರಿದರು. ಇಷ್ಟು ಸುಖವನ್ನು ಅವರು ತಮ್ಮ ಮದುವೆಯಲ್ಲೂ ಕಂಡಿರಲಿಲ್ಲ. ಅಮೀನಾಬಿಯ ಕಣ್ಣೂ ಹೊಳೆಯತೊಡಗಿತ್ತು. ನೀಲಿಯನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿದಳು.

‘ಟ್ಯೂಬ್‌ಲೈಟಿನ್ಯಾಗ ಹಸರು ನೋಡೂದು, ಸೆರಗ ಹೊತಗೊಂಡಾಕಿ ಮಾರಿ ನೋಡಿದಂಗ,’ ಅಂದಳು ಕೊನೆಗೆ. ‘ಹೊರಗ ಹೋಗೂಣು ನಡೀರಿ.’

ತರನ್ನುಮ ಎರಡು ಫೋನನ್ನೂ ಎದೆಗವಚಿಕೊಂಡು ಹೊರಟಳು. ಅವಳ ಹಿಂದೆ ಎರಡೂ ಪಾರ್ಟಿ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಈರಕ್ಕನೆಂಬವಳು ಸೊಪ್ಪು ಮಾರಲು ಕೂತಿದ್ದಳು. ಅವಳ ಬುಟ್ಟಿಯ ಪಕ್ಕದಲ್ಲೇ ಟವೆಲ್ ಹಾಸಿ, ಬಳೆ ಜೋಡಿಸಿ, ಎರಡೂ ಫೋನಿನಲ್ಲಿ ಫೋಟೋ ಹೊಡೆದದ್ದಾಯಿತು.

‘ನನ್ನ ಮೆಂತೆದ ಫೋಟೋನೂ ಹೊಡೀರಿ, ನೋಡೂಣು,’ ಅಂದಳು ಈರಕ್ಕ. ಹೊಡೆದರು. ನೀಲಿ ಫೋನಿನಲ್ಲಿ ಬಾಡಿದ ಮೆಂತೆ ಈಗಷ್ಟೇ ಹೊಲದಿಂದ ಕಿತ್ತು ತಂದಂತೆ ಕಂಡಿತು. ‘ಯವ್ವಾ, ಇದನ್ನ ನನಗ ಕೊಡ್ರಿ! ಸಂಜೀಮಟಾ ಇದರಾಗ ತೋರಿಸಿ ಮಾರ್ತೇನಿ!’

ಅಮೀನಾಬಿ ಈಗ ಕವರ್ ಬಿಚ್ಚಿ ಕುಬಸದ ಪೀಸನ್ನು ಹೊರಗೆ ತೆಗೆದು, ಬಿಸಿಲಿಗೆ ಹಿಡಿದು, ಒಂದೊಂದೇ ಪರದೆಯ ಪಕ್ಕ ಇಟ್ಟು ನೋಡಿದಳು. ನೀಲಿಯ ಹಸಿರು ಬಟ್ಟೆಗಿಂತ ಒಂದು ಕೈ ಮೇಲೆ. ಕರಿಯದು ಒಂದು ಬೆರಳು ಕೆಳಗೆ. ಮಾಸ್ತರರು ಹೋಲಿಕೆಗೆಂದು ಅವಳ ಹಳೆಯ ಫೋನಿನಲ್ಲೂ ಒಂದು ಫೋಟೋ ಹೊಡೆಯಲು ಬಗ್ಗಿದರು. ವಿಡಿಯೋದವರೆಲ್ಲ ಹಾಗೇ ಮಾಡುತ್ತಾರೆ. ಅದೇ ಹೊತ್ತಿಗೆ ಮುಂಡಗೋಡದ ಬಸ್ಸು ಸುಂಯ್ಯನೆ ಬಂದು ನಿಂತಿತು. ಗಾಳಿಗೆ ಪೀಸು ಅಮೀನಾಬಿಯ ಕೈಯಿಂದ ಹಾರಿ ಬಳೆಗಳ ನಡುವೆ ಬಿತ್ತು. ‘ಹಾಯ್ ಅಲ್ಲಾ, ಜರಿ!’ ಎಂದು ಅವಳು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಮಾಸ್ತರರು ಗಾಬರಿಯಿಂದ ಬಟನ್ ಒತ್ತಿಬಿಟ್ಟಿದ್ದರು.

ತರನ್ನುಮ ಎರಡೂ ಫೋನಿನ ಫೋಟೋಗಳನ್ನು ಅಮೀನಾಬಿಯ ಫೋನಿಗೆ ಹಾಕಿ, ಅವಸರದಲ್ಲಿ ಅದರಲ್ಲಿದ್ದ ಮಾಸ್ತರರದ್ದನ್ನೂ ಸೇರಿಸಿ ತಾಯವ್ವನಿಗೆ ಕಳಿಸಿದಳು. ಎರಡೂ ಪಾರ್ಟಿಯವರು ಫಲಿತಾಂಶಕ್ಕೆ ಕಾದರು. ಮುಂಡಗೋಡದ ಬಸ್ಸಿನ ಕಂಡಕ್ಟರ್ ಕೂಡ ಸೀಟಿ ಬಾಯಲ್ಲಿ ಇಟ್ಟುಕೊಂಡು, ಊದದೆ ನಿಂತ.

ತಾಯವ್ವನ ಫೋನ್ ಬಂತು. ಅಮೀನಾಬಿ ಸ್ಪೀಕರ್ ಹಾಕಿದಳು.

‘ಏನ ಅಮೀನಾಬಿ, ಮದುವಿಗೆ ಅರಿಷಿಣದ ಬಳಿ ಕಳಸ್ತೀ ಏನು? ಹಸರು ಎಲ್ಲೈತಿ ಇದರಾಗ? ಎಲ್ಲಾ ಹಳದಿ ಹಳದಿ.’

ಅಮೀನಾಬಿಯ ಮುಖದ ಬಣ್ಣ ಇಳಿಯಿತು. ಅವಳ ಮುಖ ಹಾಗೆ ಬದಲಾದದ್ದನ್ನು ಮಾಸ್ತರರು ಎಂದೂ ಕಂಡಿರಲಿಲ್ಲ. ಹುಬ್ಬಳ್ಳಿ ಹತ್ತಿರಾಗುತ್ತಿತ್ತು. ಮಾಸ್ತರರು ಧೈರ್ಯ ಮಾಡಿ ಫೋನಿಗೆ ಬಾಯಿ ಕೊಟ್ಟರು. ‘ತಾಯವ್ವಾರ, ನಾನು ಹಳಿಯಾಳದ ರುದ್ರೇಶ ಮಾಸ್ತರ. ನಿಮ್ಮ ಫೋನಿನ್ಯಾಗ ಬ್ಯಾರೆ ಫೋಟೋನೂ ಹಳದಿ ಕಾಣತಾವೇನ್ರಿ?’

‘ಎಲ್ಲಾ ಹಳದಿನ. ಕಣ್ಣ ಉರೀತಾವ ಅಂದಿದ್ದಕ್ಕ ನನ್ನ ಮಗ ಏನೋ ಒತ್ತಿ ಕೊಟ್ಟಾನ. ಅವತ್ತಿಂದ ಅವನ ಮಾರಿನೂ ಹಳದಿ. ಕಾಮಾಲೆ ಆಗೇತಂತ ನಾನು ಅವಗ ಔಷಧಾ ಕುಡಸಾಕ ಹತ್ತೇನಿ.’

‘ಅದು ಕಣ್ಣಿನ ಆರಾಮಿನ ಬಟನ್ ರೀ! ಒತ್ತಿದ್ರ ಸ್ಕ್ರೀನ್ ಎಲ್ಲಾ ಹಳದಿ ಆಗ್ತೈತಿ. ಹಿರಿಮಗಳ ಮದುವಿ ಮುಂದ ಬಳಿ ಫೋಟೋ ನೋಡಿದ್ದೂ ಹಿಂಗ ಹಳದಿ ಆದ ಇದರಾಗ ಏನ್ರಿ?’

‘ಇದರಾಗನ,’ ಅಂದಳು ತಾಯವ್ವ. ದನಿ ಅರ್ಧ ಇಳಿದಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಲ್ಲಿ ಇಬ್ಬರು ಮಹಾರಾಜರನ್ನು ತೂಗಿ ತೂಗಿ ನೋಡುತ್ತಿದ್ದರೆ, ತೀರ್ಪು ಬರೆಯುವ ಕಣ್ಣು ಪಾಳಾದಲ್ಲಿ ಹಳದಿಯಾಗಿ ಕೂತಿತ್ತು. ಆ ಬಟನ್ ತೆಗೆಯುವ ಬಗೆಯನ್ನು ಮಾಸ್ತರರು ಹೇಳತೊಡಗಿದರು. ‘ಮ್ಯಾಲಿಂದ ಕೆಳಗ ಜಗ್ಗರಿ’ ಅನ್ನುತ್ತಲೂ ಫೋನು ಕಟ್ಟಾಯಿತು.

‘ಜಗ್ಗಿದ್ಳು,’ ಅಂದಳು ಈರಕ್ಕ.

ಯಾರೂ ಕದಲಲಿಲ್ಲ. ಸಂಜೆಯ ಬಿಸಿಲು ಕಟ್ಟೆಯಿಂದ ಇಳಿಯುತ್ತಿತ್ತು. ಅಮೀನಾಬಿ ಪೀಸನ್ನು ಮಡಿಚುತ್ತ, ಒಂದೇ ಮಡಿಕೆಯನ್ನು ಮತ್ತೆ ಮತ್ತೆ ಬಿಚ್ಚಿ ಮಡಿಚುತ್ತಿದ್ದಳು. ಮತ್ತೆ ಫೋನ್ ಬಂತು.

‘ಅಮೀನಾಬಿ, ಬಟನ್ನ ಸಿಗವಲ್ದು, ಹಾಳಾಗಿ ಹೋಗಲಿ. ಆ ಹೆಬ್ಬಟ್ಟಿನ ಫೋಟೋ ಯಾರ ಹೊಡದಾರ?’

ಎಲ್ಲರೂ ಹಳೆಯ ಫೋನಿನ ಮೇಲೆ ಬಗ್ಗಿದರು. ಮಾಸ್ತರರ ಫೋಟೋದಲ್ಲಿ ಕಾಲುಭಾಗ ಅವರದೇ ಹೆಬ್ಬೆರಳು, ಮಸುಕು ಮಸುಕಾಗಿ. ಉಳಿದ ಕಡೆ ಬಳೆಗಳು, ಬಳೆಗಳ ನಡುವೆ ಹಾರಿ ಬಿದ್ದ ಕುಬಸದ ಪೀಸು.

‘ನಾನ ರೀ,’ ಅಂದರು ಮಾಸ್ತರರು, ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದವನ ದನಿಯಲ್ಲಿ.

‘ಹೆಬ್ಬಟ್ಟು ಹೊಲಸಾಗಿ ಬಂದೇತಿ. ಆದ್ರ ಬಳಿ ಬರೋಬ್ಬರಿ ಐತಿ ನೋಡ. ಹಳದಿ ಅಂದ್ರ ಪೀಸೂ ಹಳದಿ, ಬಳಿನೂ ಅಷ್ಟ ಹಳದಿ. ಬಳಿ ಎಲ್ಲಿ ಮುಗೀತು, ಬಟ್ಟಿ ಎಲ್ಲಿ ಚಾಲೂ ಆತು ಗೊತ್ತಾಗವಲ್ದು. ಇವನ್ನ ತಗೊಂಡು ಐತವಾರ ಬಾ. ಮನ್ಯಾಗಿನ ಹೆಣ್ಮಕ್ಕಳಿಗೆಲ್ಲಾ ಇಡಸೂದೈತಿ, ಊಟಕ್ಕ ಇಲ್ಲೇ.’ ಸ್ವಲ್ಪ ತಡೆದು, ‘ಹಿಂದಿನದು ಮನಸಿನ್ಯಾಗ ಇಟಗೋಬ್ಯಾಡ,’ ಅಂದು ಫೋನಿಟ್ಟಳು.

ಕಟ್ಟೆಯ ಮೇಲೆ ಚಪ್ಪಾಳೆ ಬಿತ್ತು. ನೀಲಿ ಪಾರ್ಟಿ, ಕರಿ ಪಾರ್ಟಿ ಎರಡೂ ಸೋತಿದ್ದವು. ಎರಡೂ ಗೆದ್ದವರಂತೆ ಕುಣಿದವು. ಕಂಡಕ್ಟರ್ ಸೀಟಿ ಊದಿದ. ಈರಕ್ಕ ಮಾಸ್ತರರ ಹೆಬ್ಬೆರಳು ಹಿಡಿದು ನೋಡಿ, ‘ಇದನ್ನ ಜ್ವಾಪಾನ ಮಾಡ್ರಿ,’ ಅಂದಳು. ಅಮೀನಾಬಿ ಪೀಸನ್ನು ಬಿಸಿಲಿಗೆ ಹಿಡಿದು ಜರಿಯ ಎಳೆ ಎಳೆ ನೋಡಿದಳು. ಎಲ್ಲೂ ಜಗ್ಗಿರಲಿಲ್ಲ. ಆಗ ಅವಳು ಕಟ್ಟೆಯ ಮೇಲೆ ಕೂತು ಒಂದು ಲೋಟ ನೀರು ಕುಡಿದಳು.

ತರನ್ನುಮಳ ಮುಖ ಮಾತ್ರ ಸಣ್ಣದಾಗಿತ್ತು. ಎರಡೂ ಫೋನನ್ನು ಒರೆಸಿ, ‘ನಿಮ್ಮ ಕೆಲಸ ಹಳೇ ಫೋನಿನ್ಯಾಗ ಆತು. ಒಳಗ ಇಟ್ಟುಬಿಡ್ಲ್ಯಾ, ಖಾಲಾ?’ ಅಂದಳು.

‘ಕರಿದು ಇಡು, ಬೇಟಿ. ನೀಲಿದರ ಬಿಲ್ ಮಾಡು.’

ಮಾಸ್ತರರಿಗೆ ತಮ್ಮ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಅಮೀನಾಬಿ ಅಂಗಡಿಯೊಳಗೆ ಹೋಗಿ, ಹೊಸ ಡಬ್ಬಿಯ ಮುಚ್ಚಳವನ್ನು ತಾನೇ ನಿಧಾನಕ್ಕೆ ಎತ್ತಿದಳು. ಒಳಗಿನ ಹಾಳೆಯನ್ನು ಹರಿಯದೆ ಬಿಡಿಸಿದಳು. ನೀಲಿ ಫೋನು ಹೊರಬಂದಾಗ, ಡ್ರೈವರನಿಂದ ಹಿಡಿದು ನರ್ಸಮ್ಮನವರೆಗೆ ಎಲ್ಲರೂ ‘ಹಾ’ ಅಂದರು. ಅವಳು ಅದನ್ನು ಎಡಗೈಯಲ್ಲಿ ಹಿಡಿದು, ತನ್ನ ಬಲಗೈಯ ಬಳೆಗಳದೇ ಒಂದು ಫೋಟೋ ತೆಗೆದಳು. ಇದ್ದದ್ದಕ್ಕಿಂತ ಹೆಚ್ಚು ಹೊಳೆದವು. ಇನ್ನೊಂದು ತೆಗೆದಳು.

ಮಾಸ್ತರರಿಗೆ ತಡೆಯಲಾಗಲಿಲ್ಲ. ‘ಅಲ್ರೀ ಅಕ್ಕಾರ, ಹಳೇ ಫೋನಿನ್ಯಾಗನ ಎಲ್ಲಾ ಬರೋಬ್ಬರಿ ಆತು. ಪೀಸ್ ಪಕ್ಕಕ್ಕಿಟ್ಟು ಹೊಡದ್ರ ಮುಗೀತು. ಈಗ ಇದರ ಗರಜು ಏನಿತ್ತು?’

ಅಮೀನಾಬಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

‘ಇಷ್ಟ ವರ್ಷ ಬಳಿ ಮಾರೇನ್ರಿ, ಮಾಸ್ತರ್ರ. ಕೈ ಖಾಲಿ ಐತಿ ಅಂತ ಬಳಿ ತಗೊಂಡಾಕಿ ಇನ್ನೂ ಒಬ್ಬಾಕಿನೂ ಸಿಕ್ಕಿಲ್ಲ.’