ಪುತಳಾಬಾಯಿಯ ತೋಳು, ಮೆಹಕರದವರ ಹಾಡು

ನನ್ನ ನೆಗೆಣ್ಣಿ ಪುತಳಾಬಾಯಿಯ ಬಾಯಿಗೆ ಸಿಕ್ಕವರು ಭಾಲ್ಕಿ, ಔರಾದ್ ಎರಡೂ ತಾಲ್ಲೂಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವಳು ನನ್ನ ಗಂಡನ ಅಣ್ಣ ಬಕ್ಕಪ್ಪ ಭಾವನ ಹೆಂಡತಿ, ತವರು ಸಂತಪುರ. ನಮ್ಮ ಕಡೆ ಮದುವೆಯಲ್ಲಿ ಭೂಮದ ಊಟ ಅಂತ ಇರುತ್ತದೆ. ಎರಡೂ ಕಡೆಯ ಬೀಗರು ಎದುರುಬದುರು ಕೂತು ಉಣ್ಣುವಾಗ ಹೆಂಗಸರು ಒಬ್ಬರ ಮೇಲೊಬ್ಬರು ಹಾಡು ಕಟ್ಟುತ್ತಾರೆ. ಅಲ್ಲಿ ಯಾರಿಗೂ ಮರ್ಯಾದೆ ಇಲ್ಲ. ಬೀಗಿತ್ತಿಯ ಮೂಗು, ನಡಿಗೆ, ಜಿಪುಣತನ ಎಲ್ಲ ಹಾಡಾಗುತ್ತವೆ. ಸಿಟ್ಟು ಮಾಡಿಕೊಂಡವರು ಸೋತಂತೆ, ಚಪ್ಪಾಳೆ ಹೊಡೆದು ಹಾಡಿಗೆ ಹಾಡು ತಿರುಗಿಸಿ ಕೊಟ್ಟವರು ಗೆದ್ದಂತೆ. ಪುತಳಾಬಾಯಿ ಸೋತದ್ದನ್ನು ನಾನು ಕಂಡಿರಲಿಲ್ಲ. ಬೇರೆ ಮನೆತನದವರು ಕೂಡ ಅವಳನ್ನು ಹಾಡಲಿಕ್ಕೆಂದೇ ಮದುವೆಗೆ ಕರೆದೊಯ್ಯುತ್ತಿದ್ದರು. ನಾನು ಬೀದರಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ನನಗೊಂದು ಪ್ರಾಸ ಹೊಳೆಯುವಷ್ಟರಲ್ಲಿ ಅವಳು ಎರಡು ಮನೆತನದ ಮಾನ ಕಳೆದು ಕೈ ತೊಳೆದಿರುತ್ತಾಳೆ. ನನಗೆ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದೇನು.

ಹಿಂದೊಮ್ಮೆ ಸಂತಪುರದ ಮದುವೆಗೆ ಮೆಹಕರದ ರುಕ್ಮಿಣಿಬಾಯಿ ಬೀಗಿತ್ತಿಯಾಗಿ ಬಂದಿದ್ದರು. ತುಸು ತುಂಬಿದ ಮೈ. ಅವರಿನ್ನೂ ಎಲೆಯ ಮುಂದೆ ಕೂತಿರಲಿಲ್ಲ, ಪುತಳಾಬಾಯಿ ಶುರು ಮಾಡಿಬಿಟ್ಟಳು:

ಬಾಗಲ ನೋಡಿದ್ರ ಸಣ್ಣದು, ಬೀಗಿತ್ತಿ ಹ್ಯಾಂಗ ಬರತಾಳ?
ಗ್ವಾಡಿ ಒಡೀರಿ ಮಾವಯ್ಯ, ಗೌಂಡಿನ್ನ ಕರಸ್ರಿ!

ರುಕ್ಮಿಣಿಬಾಯಿ ಊರು ಮುಟ್ಟುವ ಮೊದಲೇ ಆ ಹಾಡು ಮೆಹಕರ ಮುಟ್ಟಿತ್ತಂತೆ. ಈಗ ಅದೇ ರುಕ್ಮಿಣಿಬಾಯಿಯ ಮಗಳು ಈಶ್ವರಿಯನ್ನು ಪುತಳಾಬಾಯಿಯ ಮಗ ಅನೀಲಕುಮಾರ ಮೆಚ್ಚಿಕೊಂಡ. ಹುಡುಗಿ ಚೆನ್ನಾಗಿದ್ದಳು, ಮನೆತನವೂ ಒಳ್ಳೆಯದು. ಬೇಡವೆನ್ನಲು ಏನೂ ಸಿಗದೆ ಮದುವೆ ಗೊತ್ತಾಯಿತು.

ಅಷ್ಟರಲ್ಲಿ ಪುತಳಾಬಾಯಿಗೆ ಶುಗರ್ ಬಂದಿತ್ತು. ಡಾಕ್ಟರು ಹೆದರಿಸಿದ ಮೇಲೆ ಅನ್ನ ಬಿಟ್ಟಳು, ಹೋಳಿಗೆ ಬಿಟ್ಟಳು, ಮುಂಜಾನೆ ಎದ್ದು ನಡೆದೂ ನಡೆದು ಅರ್ಧವಾದಳು. ಮೈ ಇಳಿಯಿತು, ತೋಳಿನ ಚರ್ಮ ಮಾತ್ರ ಇದ್ದಲ್ಲೇ ಜೋತುಬಿತ್ತು. ಮದುವೆಗೆ ಎರಡು ತಿಂಗಳಿರುವಾಗ ಒಂದು ದಿನ ಭಾಲ್ಕಿಯ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದಳು. ನೀರು ಕೂಡ ಕುಡಿಯದೆ ತೋಳೆತ್ತಿ ಅಲ್ಲಾಡಿಸಿ ತೋರಿಸಿದಳು.

"ಸುಜಾತಾ, ಇದಕ್ಕ ಏನರ ಮಾಡಸ್ಬೇಕು."

"ಈ ವಯಸ್ಸಿನಾಗ ಯಾರ ನೋಡ್ತಾರ ಅಕ್ಕಾ?"

"ರುಕ್ಮಿಣಿಬಾಯಿ ನೋಡ್ತಾಳ. ಅಕಿ ಜಾಗಾದಾಗ ನಾ ಇದ್ರ ಏನ ಹಾಡ್ತಿದ್ದೆ, ನನಗ ಗೊತ್ತದ."

ಏನು ಹಾಡುತ್ತಿದ್ದೆ ಎಂದು ಕೇಳಿದೆ.

"ಬೀಗಿತ್ತಿ ತೋಳಿಗಿ ಜೋಕಾಲಿ, ತೂಗ್ರಿ ಮದಮಗನ್ನ ಕೂಡಸಿ."

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. "ಹಾಡ್ಲಿ, ಹಾಡಿದ್ರ ಸಿಟ್ಟಿಲ್ಲ. ತಿರುಗಿಸಿ ಕೊಡ್ಲಾಕ ನಾ ಕೈ ಎತ್ತಿ ಚಪ್ಪಾಳಿ ಹೊಡೀಬೇಕಲ್ಲ. ಹೊಡದ್ರ ಇದು ಅಲ್ಲಾಡ್ತದ. ಅವರ ಹಾಡು ಖರೇ ಆಗ್ತದ. ನನ್ನ ಮಗನ ಮದುವ್ಯಾಗ ನಾ ಬಾಯಿ ಮುಚ್ಚಿ ಕೂಡ್ಬೇಕೇನು?" ಎಂದಳು. ಊರನ್ನೆಲ್ಲ ನಗಿಸಿದವಳ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು ನನಗೆ ಗಾಬರಿಯೇ ಆಯಿತು. ಮರುದಿನ ಶಾಲೆಗೆ ರಜೆ ಹಾಕಿ ಚರ್ಮದ ಡಾಕ್ಟರ ಬಳಿ ಕರೆದೊಯ್ದೆ.

ಡಾಕ್ಟರ್ ಶಿವಾನಿ ಇನ್ನೂ ಚಿಕ್ಕ ವಯಸ್ಸಿನವರು. ಎರಡೂ ಕೈ ಚಾಚಲು ಹೇಳಿ ತೋಳು ಹಿಡಿದು, ಎಳೆದು, ಬಿಟ್ಟು ನೋಡಿದರು.

"ಮೂರು ದಾರಿ ಅವರಿ ಅಮ್ಮ. ಒಂದು, ಮಷಿನ್. ಚರ್ಮಕ್ಕ ಒಳಗ ಕಾವು ಕೊಡ್ತದ, ಜರಾ ಬಿಗಿ ಆಗ್ತದ. ಸುಮಾರು ಸಲ ಬರಬೇಕಾಗ್ತದ. ಆದ್ರ ಇಷ್ಟು ಜೋತುಬಿದ್ದದ್ದಕ್ಕ ಭಾಳ ಫರಕ್ ಕಾಣಲ್ಲ."

ಪುತಳಾಬಾಯಿ ಕಣ್ಣು ಮುಚ್ಚಿದಳು. ಯೋಚನೆ ಮಾಡುತ್ತಿದ್ದಾಳೆ ಎಂದು ಡಾಕ್ಟರು ತಿಳಿದರು. ನನಗೆ ಗೊತ್ತು, ಅವಳು ಹಾಡು ಕಟ್ಟುತ್ತಿದ್ದಳು.

"'ಬೀದರಕ ಹೋಗಿ ಬಂದಾಳ, ತೋಳಿಗಿ ಇಸ್ತ್ರಿ ಮಾಡಸ್ಯಾಳ.' ಆಗಲ್ರಿ. ಎರಡನೇದು ಹೇಳ್ರಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಎರಡನೇದು, ಸಣ್ಣ ಸಣ್ಣ ಸೂಜಿ ಚುಚ್ಚಿ ಅದರ ತುದೀಲಿಂದ ಕಾವು ಕೊಡೋದು. ಅದರಿಂದನೂ ಸ್ವಲ್ಪೇ ಬಿಗಿ ಆಗ್ತದ."

"'ಸೂಜೀಲಿ ತೋಳ ಚುಚ್ಚಸ್ಯಾಳ, ಕೌದಿ ಮಾಡಿ ಹೊದ್ದಾಳ.' ಇದೂ ಆಗಲ್ಲ."

"ಮೂರನೇದು ಆಪರೇಶನ್. ಹೆಚ್ಚಾದ ಚರ್ಮ ಕತ್ತರಿಸಿ ತಗದು ಹೊಲಿಗಿ ಹಾಕ್ತಾರ. ಪೂರಾ ಹೋಗಬೇಕಂದ್ರ ಇದೊಂದೇ ದಾರಿ. ಹೈದರಾಬಾದಕ್ಕ ಹೋಗ್ಬೇಕು, ಶುಗರ್ ಹತೋಟ್ಯಾಗ ಇರ್ಬೇಕು, ಕೆಲವು ವಾರ ಭಾರ ಎತ್ತಬಾರ್ದು. ಕಂಕುಳದಿಂದ ಮೊಳಕೈ ತನಕ ಗೆರಿ ಉಳೀತದ."

"ಗೆರಿ ಕಾಣ್ತದೇನ್ರಿ?"

"ಕೈ ಇಳಿಸಿದ್ರ ಕಾಣಲ್ಲ. ಎತ್ತಿದ್ರ ಕಾಣ್ತದ."

ಈ ಸಲ ಕಣ್ಣು ಮುಚ್ಚುವ ಅಗತ್ಯವೂ ಬೀಳಲಿಲ್ಲ. "'ತೋಳ ಕತ್ತರಿಸಿ ಹೊಲಿಸ್ಯಾಳ, ಗುಂಡಿ ಹಚ್ಚೋದು ಮರತಾಳ!' ನೋಡು ಸುಜಾತಾ, ಜೋತುಬಿದ್ರ ಒಂದು ನುಡಿ. ಹೊಲಿಸಿದ್ರ ಮುಂಜಾನಿ ತನಕ ಹಾಡ್ತಾರ."

ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಏನೂ ಮಾಡಸ್ದೇನೂ ಇರಬಹುದ್ರಿ ಅಮ್ಮ. ಇದು ರೋಗ ಅಲ್ಲ. ನೀವು ಶುಗರ್ ಇಳಿಸಿದ್ದರ ಗುರುತು" ಎಂದರು.

"ಮದುವ್ಯಾಗ ಬಂದು ಅವರಿಗಿ ಇದನ್ನೇ ಹೇಳ್ತೀರೇನು?" ಎಂದು ಕೇಳಿ ಪುತಳಾಬಾಯಿ ಎದ್ದುಬಿಟ್ಟಳು.

ಹೀಗೆ ವಿಜ್ಞಾನದ ಮೂರೂ ದಾರಿಗಳು ಪ್ರಾಸಕ್ಕೆ ಸಿಕ್ಕಿ ಮುಚ್ಚಿಹೋದವು. ಉಳಿದದ್ದು ಭಾಲ್ಕಿಯ ದರ್ಜಿ ಮುಜೀಬೋದ್ದೀನ. ಅವನಿಂದ ಮುಂಗೈವರೆಗೆ ಬರುವ ಬಿಗಿ ತೋಳಿನ ರವಿಕೆ ಹೊಲಿಸಿಕೊಂಡಳು. ಕೈ ಎತ್ತಿದರೆ ಹರಿಯುತ್ತದೆ ಎಂದು ಅವನು ಮೊದಲೇ ಎಚ್ಚರಿಸಿದ್ದ. ಹಾಗಾಗಿ ಮೊಳಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಚಪ್ಪಾಳೆ ಹೊಡೆಯಲು ಕನ್ನಡಿಯ ಮುಂದೆ ಅಭ್ಯಾಸ ನಡೆಯಿತು. ಆ ಚಪ್ಪಾಳೆಗೆ ಸದ್ದೇ ಬರುತ್ತಿರಲಿಲ್ಲ. ಒಂದು ಭಾನುವಾರ ನಾನು ಅಲ್ಲೇ ಇದ್ದೆ. ಹೊಡೆಯುತ್ತ ಹೊಡೆಯುತ್ತ ಅವಳು ಅಳತೊಡಗಿದಳು. ಬಕ್ಕಪ್ಪ ಭಾವ ಹೊಸ್ತಿಲಲ್ಲಿ ನಿಂತು ನೋಡಿದರು. ಹೆಂಡತಿಗೆ "ಊಟಾ ಆಯ್ತೇನು" ಎಂಬುದಕ್ಕಿಂತ ಹೆಚ್ಚಿನ ಪ್ರೀತಿಯ ಮಾತನ್ನು ಅವರು ಆಡಿದ್ದು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ. ಅಂದೂ ಏನೂ ಅನ್ನದೆ ಟೊಪ್ಪಿಗೆ ಹಾಕಿಕೊಂಡು ಹೊರಗೆ ಹೋದರು. ಎಂಥ ಕಲ್ಲು ಮನುಷ್ಯ ಎಂದು ನನಗೆ ರೇಗಿತು.

ಮದುವೆ ಭಾಲ್ಕಿಯಲ್ಲೇ ಆಯಿತು. ಸುಡುವ ಬಿಸಿಲು. ಉದ್ದ ತೋಳಿನ ರವಿಕೆಯಲ್ಲಿ ಬೆವರುತ್ತ ಪುತಳಾಬಾಯಿ ಭಾವನ ಪಕ್ಕ ಭೂಮಕ್ಕೆ ಕೂತಳು. ಅವಳ ಹಿಂದೆ ನಾವು, ಎದುರಿಗೆ ರುಕ್ಮಿಣಿಬಾಯಿಯ ಹಿಂದೆ ಮೆಹಕರದ ಹೆಂಗಸರೆಲ್ಲ. ರುಕ್ಮಿಣಿಬಾಯಿ ಗಂಟಲು ಸರಿಮಾಡಿಕೊಂಡರು. ನನ್ನ ನೆಗೆಣ್ಣಿ ಮೊಳಕೈಯನ್ನು ಪಕ್ಕೆಗೆ ಒತ್ತಿಕೊಂಡಳು.

ಬಂಗಾರದಂಥ ಬೀಗಿತ್ತಿ, ಮಾತು ಬೆಲ್ಲ ಸಕ್ಕರಿ
ಇಂಥಾ ಅತ್ತಿ ಸಿಕ್ಕಾಳ, ನಮ್ಮ ಮಗಳ ಪುಣ್ಯಾರಿ!

ಯಾರೂ ನಗಲಿಲ್ಲ. ನಗುವುದಕ್ಕೆ ಅಲ್ಲಿ ಏನಿತ್ತು? ಭೂಮದಲ್ಲಿ ಹೀಗೆ ಹೊಗಳುವುದು ಹಾಸಿಗೆ ಹಿಡಿದವರನ್ನು, ಇಲ್ಲವೇ ಸಂಬಂಧವೇ ಇಲ್ಲದ ಹೊರಗಿನವರನ್ನು. ಎರಡನೆಯ ನುಡಿಯಲ್ಲೂ ಹೊಗಳಿಕೆಯೇ ಬಂತು. ಪುತಳಾಬಾಯಿಯ ಮುಖ ಸಪ್ಪಗಾಯಿತು.

"ಇದೆಂಥಾ ಹಾಡ್ರಿ ಬೀಗರ? ನಾ ಏನ ಸಾಯ್ಲಾಕ ಬಿದ್ದೀನೇನು?"

ರುಕ್ಮಿಣಿಬಾಯಿ ತಲೆ ತಗ್ಗಿಸಿದರು. "ಮಾತು ಕೊಟ್ಟೀವ್ರಿ ಅಕ್ಕಾರ. ನಿಮ್ಮ ತೋಳಿನ ಮ್ಯಾಲ ಹಾಡಲ್ಲ ಅಂತ. ತೋಳು ಬಿಟ್ಟು ಬ್ಯಾರೆ ಏನೂ ಕಟ್ಟಿರಲಿಲ್ರಿ ನಾವು."

"ಯಾರಿಗಿ ಕೊಟ್ಟೀರಿ?"

ಬಕ್ಕಪ್ಪ ಭಾವ ಎಲೆಯ ಮೇಲಿನ ಪಲ್ಯದಲ್ಲಿ ಏನನ್ನೋ ಹುಡುಕುತ್ತಿದ್ದರು.

ಪುತಳಾಬಾಯಿ ಎದ್ದು ನಿಂತಳು. ರವಿಕೆಯ ತೋಳನ್ನು ಜಗ್ಗಿ ಮೇಲೇರಿಸಲು ನೋಡಿದಳು, ಏರಲಿಲ್ಲ. ಇನ್ನಷ್ಟು ಜಗ್ಗಿದಾಗ ಹೊಲಿಗೆ ಬಿಚ್ಚಿ ಮೊಳಕೈ ಮೇಲಕ್ಕೂ ಹರಿಯಿತು. "ನೋಡ್ರಿ, ಕಣ್ತುಂಬ ನೋಡ್ರಿ. ಈಗ ಹಾಡ್ರಿ!"

"ತೋಳಿನ ಮ್ಯಾಲ ಹಾಡಲ್ಲ, ಮಾತಂದ್ರ ಮಾತು" ಎಂದರು ರುಕ್ಮಿಣಿಬಾಯಿ. ಅವರ ಕಣ್ಣಿನಲ್ಲಿ ಹಳೆಯ ಸೇಡು ಕುಣಿಯುತ್ತಿತ್ತು. "ಮಾತು ಕೇಳ್ಲಾಕ ಬಂದವರ ಮ್ಯಾಲ ಹಾಡಬ್ಯಾಡ್ರಿ ಅಂತ ಯಾರೂ ಅಂದಿಲ್ಲ."

ಮೆಹಕರದ ಚಪ್ಪಾಳೆಗಳು ಒಮ್ಮೆಗೇ ಎದ್ದವು.

ಭಾಲ್ಕಿ ಬೀಗ ಬಂದಾನ, ಬಿಸಲಾಗ ಕೈ ಮುಗದಾನ
ನನ್ನಾಕಿ ಕೂತು ಅತ್ತರ, ನನಗ ಕೂಳು ಇಳಿಯಲ್ಲ ಅಂದಾನ!

ಮಂಟಪವೆಲ್ಲ ನಕ್ಕಿತು. ಸೀಟಿ ಬಿದ್ದವು. ಭಾವನ ಕಿವಿಗಳು ಕೆಂಪಾದವು. ನಾನೂ ನಕ್ಕೆ, ನಗುತ್ತಲೇ ನನಗೆ ಅಳು ಬಂತು. ಈಗ ನಮ್ಮ ಸರದಿ. ಗಂಡನನ್ನು ಹಿಡಿದು ಹಾಡಿದ್ದಾರೆ, ಇದಕ್ಕೆ ಪುತಳಾಬಾಯಿಯ ಉತ್ತರ ಹೇಗಿರಬೇಡ! ನಾವೆಲ್ಲ ಅವಳ ದನಿಗೆ ದನಿ ಕೂಡಿಸಲು ಸಜ್ಜಾದೆವು. ಅವಳು ಎರಡೂ ಕೈ ಮೇಲೆತ್ತಿ ಚಪ್ಪಾಳೆ ಹೊಡೆದಳು. ತೋಳು ಅಲ್ಲಾಡಬೇಕಾದಷ್ಟೂ ಅಲ್ಲಾಡಿತು. ಬಾಯಿ ತೆರೆದಳು. ಒಮ್ಮೆ ಭಾವನ ಕಡೆ ನೋಡಿದಳು.

ಒಂದು ನುಡಿಯೂ ಬರಲಿಲ್ಲ. ಎತ್ತಿದ ಕೈ ಇಳಿಸಿ, ಅವರ ಪಕ್ಕದಲ್ಲೇ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಉಣ್ರಿ, ಆರ್ಲಾಕತ್ತದ" ಎಂದಳು ಗಂಡನಿಗೆ.

ಅಂದು ನಾವು ಭಾಲ್ಕಿಯವರು ಸೋತೆವು.