ಹಾಜಿಯವರ ಸ್ವರ

ಆ ಸಂಜೆ ಫೋನಿನಲ್ಲಿ ಮಾತಾಡಿದ್ದು ಹಾಜಿಯವರಲ್ಲ. ನಾನು.

ಇಷ್ಟು ಬರೆಯಲಿಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು. ಬೇರೆಯವರ ಸ್ವರದಲ್ಲಾದರೆ ಯಾವಾಗಲೋ ಹೇಳಿ ಮುಗಿಸುತ್ತಿದ್ದೆ — ನಮ್ಮ ಮೇಸ್ತ್ರಿಯ ಹಾಗೆ ಎಲೆಯಡಿಕೆ ಒಂದು ದವಡೆಗೆ ತಳ್ಳಿ, ಅಥವಾ ಬಸ್ಸಿನ ಕಂಡಕ್ಟರನ ಹಾಗೆ ಮೂಗಿನಲ್ಲಿ. ಯಾರನ್ನು ಬೇಕಾದರೂ ಅಣಕಿಸುವವ ನಾನು. ನನ್ನನ್ನೇ ಅಣಕಿಸುವುದೂ ಉಂಟು: ಕೊಕ್ಕರೆಗೆ ಪ್ಯಾಂಟು ಹಾಕಿ ಸೈಟಿಗೆ ಕಳಿಸಿದರೆ ಹೇಗೋ, ಹಾಗೆ ನಡೆದು ತೋರಿಸಿದರೆ ಕೆಲಸದ ಹೆಂಗಸರು ತಲೆಯ ಮೇಲಿನ ಬುಟ್ಟಿ ಹಿಡಿದುಕೊಂಡು ನಗುತ್ತಿದ್ದರು.

ಹಾಜಿಯವರು ನಮ್ಮ ಕಂತ್ರಾಟುದಾರರು. ಅವರ ಅಪ್ಪನ ಕಾಲದಲ್ಲಿ ಬಂದರಿನಲ್ಲಿ ಹುರಿಹಗ್ಗದ ವ್ಯಾಪಾರ. ಇವರ ಕಾಲಕ್ಕೆ ಕಟ್ಟಡ. ಲಾರೆನ್ಸ್ ಮತ್ತು ನಾನು ಒಂದೇ ದಿನ ಅವರಲ್ಲಿ ಕೆಲಸಕ್ಕೆ ಸೇರಿದೆವು. ಕೆಲಸ ಮಾಡುವವರು ಬೇರೆ, ನಾವು ಕೆಲಸ ಕೂಡಿಸುವವರು. ಕಲ್ಲು ಬಂದ ದಿನ ಮೇಸ್ತ್ರಿ ಇರಬೇಕು, ಮೇಸ್ತ್ರಿ ಬಂದ ದಿನ ಸಿಮೆಂಟು ಇರಬೇಕು. ಕೇಳಲಿಕ್ಕೆ ಸುಲಭ. ನನ್ನ ಸೈಟಿನಲ್ಲಿ ಕಲ್ಲು ಬಂದ ದಿನವೇ ಮೇಸ್ತ್ರಿಯ ಭಾವನ ಮದುವೆ ಇರುತ್ತಿತ್ತು.

ಲಾರೆನ್ಸನ ಸೈಟಿನಲ್ಲಿ ಯಾರ ಭಾವನಿಗೂ ಮದುವೆಯಾಗುತ್ತಿರಲಿಲ್ಲ.

ಅದೇ ನನಗೆ ತಡೆಯಲಿಕ್ಕೆ ಆಗದ್ದು. ಅವನ ಇಸ್ತ್ರಿ ಅಂಗಿ — ತಡೆದುಕೊಂಡೆ. ಅವನಮ್ಮ ಕಟ್ಟಿ ಕಳಿಸುವ ಇಡ್ಲಿಯಂಥ ಸನ್ನ, ಅದರಲ್ಲಿ ನನಗೂ ಪಾಲು ಇತ್ತು, ಅದನ್ನೂ ತಿಂದು ತಡೆದುಕೊಂಡೆ. ಆದರೆ ಅವನು ಬಂದಾಗ ಮೇಸ್ತ್ರಿ ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದ. ನಾನು ಬಂದರೆ, “ಬಾ ವಾಸು, ಒಂದು ಕಂಡಕ್ಟರನದ್ದು ಮಾಡು” ಎನ್ನುತ್ತಿದ್ದ. ನಗಿಸುವವ ಎಲ್ಲರಿಗೂ ಬೇಕು. ಅವನ ಮಾತು ಮಾತ್ರ ಯಾರಿಗೂ ಬೇಡ. ಆ ಹೊಟ್ಟೆಕಿಚ್ಚನ್ನೂ ನಾನು ತಮಾಷೆ ಮಾಡಿ ಸಾಗಿಸಿದೆ — ಅವನಿಗೆ “ಸಣ್ಣ ಪಾದ್ರಿ” ಎಂದು ಹೆಸರಿಟ್ಟೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ.

ಒಬ್ಬರನ್ನು ಮಾತ್ರ ನಾನು ಯಾರೆದುರೂ ಅಣಕಿಸುತ್ತಿರಲಿಲ್ಲ. ಹಾಜಿಯವರನ್ನು. ಗೊತ್ತಾದರೆ ಆ ದಿನವೇ ನನ್ನ ಕೆಲಸ ಹೋಗುತ್ತಿತ್ತು. ಅವರ ಸ್ವರ ನನ್ನೊಳಗೆ ಕೂತಿತ್ತು — ಮಾತಿಗೆ ಮೊದಲು ಒಂದು ಸಣ್ಣ ಕೆಮ್ಮು, ಕೊನೆಗೆ “ಆಯ್ತಲ್ಲ?”, ಉತ್ತರ ಬರುವ ಮೊದಲೇ ತಿರುಗಿ ನಡೆಯುವುದು. ಅದನ್ನು ಒಂದೇ ಒಂದು ಸಲ, ಕೇಳುವವರಿಲ್ಲದ ಕಡೆ, ಲಾರೆನ್ಸನಿಗೆ ಮಾಡಿ ತೋರಿಸಿದ್ದೆ. ಅವನು ಬೆಚ್ಚಿ ಹಿಂದೆ ತಿರುಗಿ ನೋಡಿದ. ಆಮೇಲೆ ನೆಲಕ್ಕೆ ಕೂತು ನಕ್ಕ.

“ಯಾರಿಗೂ ಹೇಳ್ಬೇಡ ಮಾರಾಯ, ನನ್ನ ಅನ್ನ ಹೋಗ್ತದೆ” ಎಂದೆ.

“ನನ್ನ ಬಾಯಿಂದ ಬರ್ಲಿಕ್ಕಿಲ್ಲ” ಎಂದ.

ಆ ವರ್ಷ ಹಾಜಿಯವರು ಕೊಟ್ಟಾರದಲ್ಲಿ ಒಂದು ಗೋದಾಮು ಹಿಡಿದರು. ಹೆಂಚಿನ ಊರಿನಲ್ಲಿ ಹೆಂಚಿಲ್ಲದ ಮಾಡು — ಕಾಂಕ್ರೀಟಿನ ಸ್ಲ್ಯಾಬು. ನೋಡಲಿಕ್ಕೆ ಜನ ನಿಲ್ಲುತ್ತಿದ್ದರು. ಅದು ಲಾರೆನ್ಸನಿಗೆ ಹೋಯಿತು. ನನಗೆ ಬಿಕರ್ನಕಟ್ಟೆಯಲ್ಲಿ ಒಂದು ಕಂಪೌಂಡು ಗೋಡೆ. ಕೆಂಪುಕಲ್ಲಿನ ಮೇಲೆ ಕೆಂಪುಕಲ್ಲು. ದನ ಒಳಗೆ ಬರದಿದ್ದರೆ ಕೆಲಸ ಗೆದ್ದ ಹಾಗೆ. ಗೋದಾಮು ಮುಗಿಸಿಕೊಟ್ಟವನೇ ಮುಂದೆ ಎಲ್ಲಾ ಸೈಟಿನ ಇನ್‌ಚಾರ್ಜ್ ಎಂದು ಎಲ್ಲರಿಗೂ ಗೊತ್ತಿತ್ತು.

ಸ್ಲ್ಯಾಬೆಂದರೆ ಒಮ್ಮೆ ಶುರುವಾದರೆ ನಡುವೆ ನಿಲ್ಲಿಸಲಿಕ್ಕಿಲ್ಲ. ಬಂದರಿನಿಂದ ಬಾಡಿಗೆಗೆ ತಂದ ಮಿಕ್ಸರ್ ಯಂತ್ರ, ನೀರು, ಸಿಮೆಂಟು, ಕೈಯಿಂದ ಕೈಗೆ ಕಾಂಕ್ರೀಟಿನ ಬಾಣಲೆ ದಾಟಿಸುವ ಜನ — ಎಲ್ಲಾ ಒಂದೇ ಬೆಳಿಗ್ಗೆ ಕೂಡಬೇಕು. ಕೆಲಸ ಮುಗಿದ ಮೇಲೆ ಗೋದಾಮು ಕಟ್ಟಿಸುವ ಧಣಿಯ ಲೆಕ್ಕದಲ್ಲಿ ಎಲ್ಲರಿಗೂ ಊಟ. ಮಳೆಗಾಲ ಬಾಗಿಲಿಗೆ ಬಂದಿತ್ತು. ಸ್ಲ್ಯಾಬಿನ ಹಿಂದಿನ ದಿನ ಹಾಜಿಯವರು ನನ್ನ ಗೋಡೆಯ ಹತ್ತಿರ ಕಾರು ನಿಲ್ಲಿಸಿ, ಕೆಮ್ಮಿ, ಹೇಳಿದರು: “ನಾಳೆ ಕೊಟ್ಟಾರಕ್ಕೆ ಹೋಗು. ಲಾರೆನ್ಸ್ ಹೇಗೆ ಮಾಡ್ತಾನೆ ನೋಡಿ ಕಲಿ. ಆಯ್ತಲ್ಲ?”

ನೋಡಿ ಕಲಿ. ಕೂಲಿಯವರೆಲ್ಲ ಕೇಳಿಸಿಕೊಂಡರು.

ಸಂಜೆ ಹಂಪನಕಟ್ಟೆಯ ಒಂದು ಹೋಟೆಲಿಗೆ ಹೋದೆ. ಚಹಾ ಕುಡಿಯಲಿಕ್ಕೆ — ಅಲ್ಲ, ಅಲ್ಲಿ ಫೋನಿತ್ತು. ಗೋದಾಮಿನ ಪಕ್ಕದ ಹೆಂಚಿನ ಕಾರ್ಖಾನೆಯ ಆಫೀಸಿಗೆ ಫೋನ್ ಮಾಡಿ, ಕೆಮ್ಮಿ, ಲಾರೆನ್ಸನನ್ನು ಕರೆಸಿದೆ. “ಮೋಡ ಉಂಟು. ನಾಳೆ ಸ್ಲ್ಯಾಬ್ ಬೇಡ. ಜನರಿಗೆ ಬರುದು ಬೇಡ ಅಂತ ಹೇಳು. ಮಿಕ್ಸರ್ ಬಂದರಿಗೆ ವಾಪಸ್ ಕಳಿಸು. ಆಯ್ತಲ್ಲ?” ಅವನು “ಆಯ್ತು ಹಾಜಿಯವರೇ” ಎನ್ನುವುದು ಅರ್ಧ ಕೇಳಿಸಿತು. ಫೋನ್ ಇಟ್ಟೆ.

ತಮಾಷೆ ಎಂದು ನನಗೆ ನಾನೇ ಹೇಳಿಕೊಂಡೆ. ತಮಾಷೆಯಾಗಿದ್ದರೆ ಯಾರಿಗಾದರೂ ಹೇಳಿ ನಗುತ್ತಿದ್ದೆ.

ಬೆಳಿಗ್ಗೆ ಕೊಟ್ಟಾರದಲ್ಲಿ ಆಕಾಶ ತೊಳೆದಿಟ್ಟ ಹಾಗಿತ್ತು. ಧಣಿಗಳು ಅಡುಗೆಯವರನ್ನು ಕರೆತಂದು ಒಲೆ ಹೂಡಿಸಿದ್ದರು. ತುಪ್ಪದನ್ನದ ಪರಿಮಳ ರಸ್ತೆಗೆ ಬರುತ್ತಿತ್ತು. ಉಣ್ಣುವ ಜನವೇ ಇಲ್ಲ. ಹಲಗೆ ಬಡಿದ ಬರೀ ಅಟ್ಟಣಿಗೆ, ಅದರ ಕೆಳಗೆ ಲಾರೆನ್ಸ್ ಒಬ್ಬ. ಹಾಜಿಯವರು ಕಾರಿನಿಂದ ಇಳಿದರು.

“ಎಂತದಾ ಇದು? ಜನ ಎಲ್ಲಿ?”

“ನೀವೇ ಅಲ್ವಾ ನಿನ್ನೆ ಸಂಜೆ ಫೋನಲ್ಲಿ ಬೇಡ ಹೇಳಿದ್ದು?”

“ನಾನಾ? ನಿನ್ನೆ ಸಂಜೆ ನಾನು ಫೋನ್ ಮುಟ್ಟಲೇ ಇಲ್ಲ.”

ಲಾರೆನ್ಸ್ ಬಾಯಿ ತೆರೆದ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದ — ಆ ನೋಟ ನನಗೆ ಇವತ್ತಿಗೂ ಅಣಕಿಸಲಿಕ್ಕೆ ಬರುವುದಿಲ್ಲ. ಸಿಟ್ಟಲ್ಲ. ನಾನೇ ಏನಾದರೂ ಹೇಳುತ್ತೇನೆಂದು ಕಾದ ಹಾಗೆ. ನಾನು ಅಡುಗೆಯವರ ಒಲೆ ನೋಡುತ್ತಾ ನಿಂತೆ. ಮನಸ್ಸಿನೊಳಗೆ ಒಂದೇ ಹೆದರಿಕೆ: ಈಗ ಹೇಳಿಬಿಡುತ್ತಾನೆ.

“ಇಲ್ಲ ಹಾಜಿಯವರೇ,” ಎಂದ. “ಫೋನ್ ಬರ್ಲಿಲ್ಲ. ಮೋಡ ನೋಡಿ ಹೆದರಿ ನಾನೇ ಬೇಡ ಹೇಳಿದ್ದು.”

ಹಾಜಿಯವರು ಈ ಸಲ ಕೆಮ್ಮಲಿಲ್ಲ. “ಹೆದರಿದವನನ್ನು ಇಟ್ಕೊಳ್ತೇನೆ. ತನ್ನ ಸುಳ್ಳು ನನ್ನ ತಲೆಗೆ ಕಟ್ಟುವವನನ್ನು ಇಟ್ಕೊಳ್ಲಿಕ್ಕಾಗುದಿಲ್ಲ. ವಾಸು, ಇನ್ನು ಇದು ನಿನ್ನದು.”

ಒಂದು ಮಾತು ಸಾಕಿತ್ತು. ನನ್ನ ಹತ್ತಿರ ಎಷ್ಟೊಂದು ಸ್ವರ ಇತ್ತು — ಒಂದೂ ಹೊರಗೆ ಬರಲಿಲ್ಲ.

ಹೋಗುವ ಮೊದಲು ಲಾರೆನ್ಸ್ ನನ್ನನ್ನು ಮರಳಿನ ರಾಶಿಯ ಹತ್ತಿರ ಕೂರಿಸಿ, ಯಾರು ಎಲ್ಲಿ ಸಿಗುತ್ತಾರೆ, ಯಾರಿಗೆ ಯಾರ ಜೊತೆ ಆಗುವುದಿಲ್ಲ, ಎಲ್ಲಾ ಹೇಳಿದ. ಅವನ ಸೈಟಿನಲ್ಲಿ ಭಾವನ ಮದುವೆ ಯಾಕೆ ಅಡ್ಡ ಬರುತ್ತಿರಲಿಲ್ಲವೆಂದು ಆಗ ಗೊತ್ತಾಯಿತು. “ಹೇಳಿ ಕಳಿಸಿದ್ರೆ ಆಗುದಿಲ್ಲ ವಾಸು. ಮನೆಗೆ ಹೋಗ್ಬೇಕು, ಮುಖ ನೋಡಿ ಹೇಳ್ಬೇಕು. ಮುಖ ನೋಡಿದ ಮೇಲೆ ಜನ ತಪ್ಪಿಸುದಿಲ್ಲ.” ಫೋನಿನ ವಿಷಯ ಎತ್ತಲಿಲ್ಲ. ಎತ್ತಿ ನಾಲ್ಕು ಬಾರಿಸಿದ್ದರೆ ನನಗೆ ಸುಖವಾಗುತ್ತಿತ್ತು. ಆ ಒಳ್ಳೆಯತನಕ್ಕೂ ನನಗೆ ಹೊಟ್ಟೆಕಿಚ್ಚಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಅವನು ಹೇಳಿದ ಹಾಗೆ ಮನೆಮನೆಗೆ ಹೋದೆ. ಮಳೆಗೆ ಮೊದಲು ಸ್ಲ್ಯಾಬು ಹಾಕಿ ಮುಗಿಯಿತು. ಮೇಸ್ತ್ರಿ ನನ್ನನ್ನು ನೋಡಿ ಬೀಡಿ ಆರಿಸಿದ. ಲಾರೆನ್ಸ್ ಬಹರೇನಿಗೆ ಹೋದ. ಈಗ ಕೆಲಸಕ್ಕೆ ಸೇರುವ ಹುಡುಗರು ಗುಟ್ಟು ಕೇಳಿದರೆ, “ಮುಖ ನೋಡಿ ಹೇಳ್ಬೇಕು” ಎನ್ನುತ್ತೇನೆ — ನನ್ನದೇ ಮಾತಿನ ಹಾಗೆ. ಅದೂ ಅಣಕವೇ.

ಮೊನ್ನೆ ಲಾರೆನ್ಸ್ ಊರಿಗೆ ಬಂದಿದ್ದಾನೆ. ಅಮ್ಮನಿಗೆ ನಡೆಯಲಿಕ್ಕಾಗುವುದಿಲ್ಲವಂತೆ, ಇನ್ನು ಇಲ್ಲೇ ಇರಬೇಕಂತೆ. ಹಾಜಿಯವರಲ್ಲಿ ಕೆಲಸ ಕೇಳಿ ಹೋಗಿದ್ದ. ಅವರು ಒಳಗೆ ಕರೆಯಲಿಲ್ಲ. ಆಮೇಲೆ ನನ್ನ ಬೆನ್ನು ತಟ್ಟಿ ಎಲ್ಲರೆದುರು ಹೇಳಿದರು: “ಕೆಲಸ ಗೊತ್ತಿಲ್ಲದವನಿಗೆ ಕಲಿಸ್ಬಹುದು. ಸುಳ್ಳುಗಾರನಿಗೆ ಎಂತ ಕಲಿಸುದು? ನಮ್ಮ ವಾಸುವನ್ನು ನೋಡಿ.”

ಅದಕ್ಕೇ ಬರೆಯಲು ಕೂತೆ. ಇಲ್ಲಿಯವರೆಗೆ ಬರೆದ ಮೇಲೆ ಅನಿಸುತ್ತಿದೆ — ಬರೆಯುವುದೂ ಫೋನಿನ ಹಾಗೆಯೇ. ಮುಖ ಕಾಣುವುದಿಲ್ಲ. ಆ ಕಡೆ ಉತ್ತರ ಬರುವ ಮೊದಲೇ ಇಟ್ಟುಬಿಡಬಹುದು.

ಹಾಜಿಯವರು ಸಂಜೆಯ ಅಸರ್ ನಮಾಜು ಮುಗಿಸಿ ಮನೆಯ ಜಗಲಿಯಲ್ಲಿ ಕೂರುವ ಹೊತ್ತು ಇದು. ಹೊರಟಿದ್ದೇನೆ. ದಾರಿಯಲ್ಲಿ ಲಾರೆನ್ಸನ ಮನೆ ಸಿಗುತ್ತದೆ; ಮೊದಲು ಅಲ್ಲಿಗೆ. ಎಲ್ಲಿಗೆ ಹೋಗುವುದಿದ್ದರೂ ಕನ್ನಡಿಯ ಮುಂದೆ ಒಂದು ಸಲ ಸ್ವರ ತೆಗೆದು ನೋಡಿ ಹೋಗುವ ಅಭ್ಯಾಸ ನನಗೆ. ಇವತ್ತು ನೋಡಲಿಲ್ಲ. ಬಾಯಿ ತೆರೆದಾಗ ಯಾವ ಸ್ವರ ಬರುತ್ತದೋ — ಅದರಲ್ಲೇ ಹೇಳುತ್ತೇನೆ.